ವೈನಿಯನ್ನು ಕಲಂಗುಟ್‌ಗೆ ಕರೆದುಕೊಂಡು ಹೋದದ್ದು

ಬೆನ್ನಿಗೊಂದು ಚೀಲ ಏರಿಸಿಕೊಂಡು ಊರೂರು ತಿರುಗುವ ಹುಚ್ಚು ನನಗೆ ಹಿಡಿದದ್ದು ತಡವಾಗಿ, ತಲೆಗೂದಲು ಬೆಳ್ಳಗಾಗಲು ಶುರುವಾದ ಮೇಲೆ. ಮೊದಲು ಆಫೀಸಿನವರ ಜೊತೆ ಭಾನುವಾರಗಳಂದು ಭೋರ್ ಕಡೆಯ ಗುಡ್ಡ ಹತ್ತುತ್ತಿದ್ದೆ. ಗುಡ್ಡದ ಮೇಲೂ ಅವರು ಪ್ರಮೋಶನ್ ಮಾತು ಬಿಡುತ್ತಿರಲಿಲ್ಲವಾದ್ದರಿಂದ ಬೇಸತ್ತು ಒಬ್ಬಳೇ ಹೊರಡತೊಡಗಿದೆ. ಸರಕಾರಿ ಬಸ್ಸು, ಹಾಸ್ಟೆಲಿನಲ್ಲಿ ಮೇಲಿನ ಮಂಚ, ಸ್ನಾನಕ್ಕೆ ಸರತಿ. ಮದುವೆಯಾಗದ ಹೆಂಗಸು, ಅದೂ ವಿಮಾ ಕಚೇರಿಯ ಗುಮಾಸ್ತೆ, ಕಾಲೇಜು ಹುಡುಗರ ಹಾಗೆ ಚೀಲ ಹೊತ್ತು ತಿರುಗುವುದನ್ನು ಕಂಡು ಪುಣೆಯ ಸದಾಶಿವ ಪೇಠದ ನಮ್ಮ ಓಣಿಯವರು ಮೂಗು ಮುರಿದರು. ಈಗ ಯಾವ ಊರಲ್ಲಿ ರೂಮು ಅಗ್ಗ ಎಂದು ಅವರೇ ಬಂದು ನನ್ನನ್ನು ಕೇಳುತ್ತಾರೆ.

ನಾನಿರುವುದು ಅಣ್ಣನ ಮನೆಯಲ್ಲಿ. ಬಿಬವೇವಾಡಿಯಲ್ಲಿ ಅವನ ಕಿರಾಣಿ ಅಂಗಡಿ ಇದೆ. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ವೈನಿ ವಿಜಯಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ, ಅವ್ವ ತೀರಿಕೊಂಡಿದ್ದಳು. ನನ್ನ ತಲೆ ಬಾಚಿ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮದುವೆ ಬೇಡ ಅಂದಾಗ ಅಣ್ಣನ ಎದುರು ನನ್ನ ಪರ ನಿಂತದ್ದು, ಎಲ್ಲ ಅವರೇ. ನಾನು ತಿರುಗಲು ಹೊರಟರೆ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿ, ‘ಇನ್ನೊಂದೀಟು ತಗೊಂಡ್ ಹೋಗ’ ಎಂದು ಬಾಗಿಲವರೆಗೂ ಬೆನ್ನು ಹತ್ತುತ್ತಿದ್ದರು. ಅವರು ಮಾತ್ರ ಪುಣೆ ಮತ್ತು ತವರು ಮನೆ ಬಿಟ್ಟು ಹೆಚ್ಚಿಗೆ ಎಲ್ಲೂ ಹೋದವರಲ್ಲ. ಪಂಢರಪುರ ಆಗಿತ್ತು, ತುಳಜಾಪುರ ಆಗಿತ್ತು. ಸಮುದ್ರ ನೋಡಿರಲಿಲ್ಲ.

ಒಂದು ಸಲ ತಿರುಗಾಟ ಮುಗಿಸಿ ಬಂದು ಫೋನಿನಲ್ಲಿ ಫೋಟೋ ತೋರಿಸುತ್ತಿದ್ದೆ. ವೈನಿ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಿ ಒಂದು ಫೋಟೋವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ನಾನು ಮೊಣಕಾಲವರೆಗೆ ನೀರಲ್ಲಿ ನಿಂತಿದ್ದೆ.

‘ನಿಂತ್ರ ಕಾಲ ಕೆಳಗಿನ ಉಸುಕು ತಾನ ಜಾರ್ತದಂತಲ್ಲ? ಭಜನಿ ಮಂಡಳಿಯಾಕಿ ಹೇಳ್ತಿದ್ದಳು. ಭೂಮೀನ ಹಿಂದ ಹ್ವಾದಂಗ ಆಗ್ತದಂತ. ಹೌದೇನು?’

‘ಹೌದ್ರಿ ವೈನಿ.’

‘ಅಂಜಿಕಿ ಬರಂಗಿಲ್ಲೇನು?’

‘ಮೊದಲ ಬರ್ತದ. ಆಮ್ಯಾಲ ಮಜಾ ಬರ್ತದ.’

ಅವರು ಮತ್ತೆ ಉಳ್ಳಾಗಡ್ಡಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, ‘ಒಮ್ಮಿ ನಿಂತು ನೋಡಬೇಕು’ ಅಂದರು. ವೈನಿ ತಮಗಾಗಿ ಏನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಗಾಗಿ ಅವರನ್ನು ಕರೆದುಕೊಂಡು ಹೋಗಿಯೇ ತೀರಬೇಕೆಂದು ಅವತ್ತೇ ಪಟ್ಟು ಹಿಡಿದೆ.

ಅಣ್ಣನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ‘ಉಪ್ಪಿನ ನೀರು ನೋಡೂದೇನದ?’ ಎಂದ. ಗೋವಾದ ಮಂಗೇಶಿ, ಶಾಂತಾದುರ್ಗೆ ಗುಡಿಗಳ ಹೆಸರು ಹೇಳಿದ ಮೇಲೆ ಮೆತ್ತಗಾದ. ಗೋವಾಕ್ಕೆ ಅಂದರೆ ನಗುತ್ತಾರೆಂದು ಅಂಗಡಿಗೆ ಬರುವವರಿಗೆಲ್ಲ ಹೆಂಡತಿ ದೇವರಿಗೆ ಹೋಗುತ್ತಿದ್ದಾಳೆಂದು ಹೇಳಿಕೊಂಡು ಬಂದ. ಎರಡೂ ಗುಡಿಗೆ ನಾವು ಹೋದದ್ದು ನಿಜ. ಕಾಯಿ ಒಡೆಸಿ, ಪ್ರಸಾದ ಕಟ್ಟಿಸಿಕೊಂಡು, ಲೋಕಲ್ ಬಸ್ಸು ಬದಲಿಸಿ ಬದಲಿಸಿ ಕಲಂಗುಟ್ ತಲುಪಿದೆವು.

ಊರು ಗಿಜಿಗುಡುತ್ತಿತ್ತು. ಸಾಲು ರಜೆ ಇತ್ತು, ಪುಣೆ ಮುಂಬೈಯ ಅರ್ಧ ಜನ ಅಲ್ಲೇ ಇದ್ದ ಹಾಗಿತ್ತು. ರಸ್ತೆ ತುಂಬ ಬಾಡಿಗೆ ಸ್ಕೂಟರು, ಟೋಪಿ ಮಾರುವವರು, ಗಾಳಿ ತುಂಬಿದ ಬಾತುಕೋಳಿ ಹಿಡಿದ ಮಕ್ಕಳು. ವೈನಿ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ರೊಟ್ಟಿ ಗಂಟು ಹಿಡಿದು, ‘ಭಾಳ ಮಂದಿ ಅದವ್ವಾ, ಇವರಿಗೆಲ್ಲ ಮನ್ಯಾಗ ಕೆಲಸಿಲ್ಲೇನು?’ ಎಂದು ಕೇಳುತ್ತ ನನ್ನ ಹಿಂದೆ ಬಂದರು. ಮುಖದಲ್ಲಿ ಮಾತ್ರ ಹಬ್ಬದ ಕಳೆ ಇತ್ತು.

ಹಾಸ್ಟೆಲಿನ ಹೆಂಗಸರ ಕೋಣೆಯಲ್ಲಿ ನಮಗೆ ಮೇಲೊಂದು ಕೆಳಗೊಂದು ಮಂಚ ಸಿಕ್ಕಿತು. ಅಲ್ಲಿದ್ದವರೆಲ್ಲ ನಮ್ಮ ಅರ್ಧ ವಯಸ್ಸಿನವರು, ಚಡ್ಡಿ ಬನಿಯನ್ನಿನಲ್ಲಿ ಓಡಾಡುತ್ತಿದ್ದರು. ವೈನಿ ಒಂದು ಗಳಿಗೆ ಗೋಡೆಯ ಕಡೆ ಮುಖ ಮಾಡಿ ಕೂತರು. ಆಮೇಲೆ ಹಸಿವಾಯಿತೆಂದು ಗಂಟು ಬಿಚ್ಚಿದ್ದೇ, ಇಡೀ ಕೋಣೆ ಅವರ ಸುತ್ತ ಸೇರಿತು. ರೊಟ್ಟಿ ಮುರಿದು, ಚಟ್ನಿ ಪುಡಿಗೆ ಎಣ್ಣೆ ಸುರಿದು ಒಬ್ಬೊಬ್ಬರ ಕೈಗೂ ಇಟ್ಟರು. ಸಾಕು ಸಾಕು ಅಂದವರಿಗೂ ಇಟ್ಟರು. ಬೆಂಗಳೂರಿನ ಹುಡುಗಿಯೊಬ್ಬಳು ಆ ಹೊತ್ತಿನಿಂದ ‘ಆಂಟಿ ಆಂಟಿ’ ಎಂದು ಅವರಿಗೆ ಅಂಟಿಕೊಂಡುಬಿಟ್ಟಳು.

ಸಂಜೆ ದಂಡೆಗೆ ಹೋದೆವು. ಸಮುದ್ರ ಕಂಡ ಕೂಡಲೇ ವೈನಿ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಅಲೆ ಬಂದು ತಿರುಗಿ ಹೋಗುವ ಗೆರೆಯಿಂದ ಒಂದು ಮಾರು ದೂರದಲ್ಲಿ ನಿಂತರು. ನಾನು ನೀರಿಗಿಳಿದು ಕರೆದೆ.

‘ಬರ್ರಿ ವೈನಿ.’

‘ಬ್ಯಾಡ. ಇವತ್ತ ಪರ್ವ ಅಲ್ಲ. ಪರ್ವ ಇಲ್ಲದ ಸಮುದ್ರ ಮುಟ್ಟಬಾರದು.’

ಅದು ನಮ್ಮ ಮನೆಯಲ್ಲಿ ಹಿರಿಯರು ಹೇಳಿಕೊಂಡು ಬಂದ ಮಾತು. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣದಂಥ ದಿನ ಬಿಟ್ಟು ಸಮುದ್ರದ ನೀರು ಮುಟ್ಟಬಾರದು. ನನಗೆ ಅದರಲ್ಲಿ ನಂಬಿಕೆ ಇಲ್ಲ, ಅವರಿಗಿದೆ. ಅವರ ನಂಬಿಕೆಗೆ ನಾನ್ಯಾಕೆ ಕೈ ಹಾಕಲಿ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ ಕೂಡ. ಯಾಕೆಂದರೆ ಚೀಲ ಹೊತ್ತು ತಿರುಗುತ್ತ ನಾನು ಕಲಿತ ದೊಡ್ಡ ಪಾಠ ಅದೇ ಆಗಿತ್ತು. ಹಾಸ್ಟೆಲುಗಳಲ್ಲಿ ಬಿಯರು ಬೇಕಾ ಎಂದು ಕೇಳುತ್ತಾರೆ, ಬೇಡ ಅಂದರೆ ಆಯಿತು, ಅಲ್ಲಿಗೆ ಮಾತು ಮುಗಿಯಿತು. ಯಾಕೆ ಏನು ಎಂದು ಯಾರೂ ಜಗ್ಗುವುದಿಲ್ಲ. ನೆಂಟರಿಷ್ಟರ ನಡುವೆ ಬೆಳೆದು, ನನ್ನ ‘ಬೇಡ’ಕ್ಕೆ ಯಾರೂ ಕಿವಿಗೊಡದೆ ಸಾಕಾಗಿ ಹೋಗಿದ್ದ ನನಗೆ ಆ ಸ್ವಾತಂತ್ರ್ಯ ಬಹಳ ರುಚಿಸಿತ್ತು. ಅದನ್ನೇ ವೈನಿಗೂ ಕೊಡುತ್ತಿದ್ದೇನೆಂದು ತಿಳಿದೆ.

ಮಾರನೆಯ ಬೆಳಿಗ್ಗೆ ಮತ್ತೆ ಹೋದೆವು. ಬೆಂಗಳೂರಿನ ಹುಡುಗಿಯೂ ಜೊತೆಗೆ ಬಂದಳು. ವೈನಿ ಅದೇ ಒಂದು ಮಾರು ದೂರದಲ್ಲಿ ನಿಂತರು. ನಾನು ಕರೆದರೆ ಈ ಸಲ ಪರ್ವದ ಮಾತಿಲ್ಲ, ‘ಸೀರಿ ತೋಯ್ತದ, ಬ್ಯಾಡ’ ಅಂದರು. ಒಣ ಸೀರೆ ಚೀಲದಲ್ಲಿದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಲೆ ಹತ್ತಿರ ಬಂದಾಗಲೆಲ್ಲ ನಿರಿಗೆ ಎತ್ತಿ ಹಿಂದೆ ಸರಿದು, ಅದು ಹೋದ ಮೇಲೆ ಮತ್ತೆ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಅದನ್ನು ಆಟ ಅಂದುಕೊಂಡು ನಗುತ್ತಿದ್ದೆ.

ಹುಡುಗಿ ಒದ್ದೆಯಾಗಿ ಓಡಿ ಬಂದಳು. ‘ಏನ್ ಆಂಟಿ, ಇಷ್ಟ್ ದೂರ ಬಂದು ಇಲ್ಲೇ ನಿಂತಿದೀರ? ಬನ್ನಿ, ಏನೂ ಆಗಲ್ಲ. ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ.’ ಅಂದವಳೇ ಕೈ ಹಿಡಿದು ಎಳೆದಳು.

‘ಅಯ್ಯ, ಬ್ಯಾಡವ್ವಾ, ಬ್ಯಾಡಂದ್ರ!’ ಎಂದು ವೈನಿ ನಕ್ಕರು. ನಗುತ್ತ ಒಂದು ಹೆಜ್ಜೆ ಮುಂದೆ ಹೋದರು. ಇನ್ನೊಂದೂ ಹೋದರು. ಅದನ್ನು ನಾನು ಕಣ್ಣಾರೆ ಕಂಡೆ. ಆದರೂ ನೀರಿನಿಂದ ಎದ್ದು ಬಂದು ನಡುವೆ ಬಾಯಿ ಹಾಕಿದೆ.

‘ಬ್ಯಾಡ ಅಂತಾರಲ್ಲ, ಬಿಡ್ರಿ. ಒತ್ತಾಯ ಮಾಡಬ್ಯಾಡ್ರಿ ಅವರಿಗೆ.’

ಅಂದ ರೀತಿ ಸ್ವಲ್ಪ ಜೋರಾಗಿಯೇ ಇತ್ತು. ಹುಡುಗಿ ತಟ್ಟನೆ ಕೈ ಬಿಟ್ಟಳು. ‘ಸಾರಿ ಅಕ್ಕ, ಫೋರ್ಸ್ ಮಾಡೋ ಥರ ಅಲ್ಲ, ಸುಮ್ನೆ...’ ಎಂದು ಮುಖ ಸಣ್ಣದು ಮಾಡಿಕೊಂಡು ಹೋದಳು. ವೈನಿಯ ಕೈ ಒಂದು ಕ್ಷಣ ಹಾಗೇ ಮುಂದೆ ಚಾಚಿಕೊಂಡಿತ್ತು. ಆಮೇಲೆ ಆ ಕೈಯಿಂದ ಸೆರಗು ಸರಿಮಾಡಿಕೊಂಡು, ‘ಬಾ, ಬಿಸಲೇರ್ತು, ಚಾ ಕುಡಿಯೂಣು’ ಅಂದರು.

ಮಧ್ಯಾಹ್ನದ ಬಸ್ಸಿಗೆ ಟಿಕೆಟು ಆಗಿತ್ತು. ಇನ್ನೊಂದು ದಿನ ಇರೋಣವೇ ಎಂದು ಕೇಳಿದೆ. ಹಾಸ್ಟೆಲಿನಲ್ಲಿ ಮಂಚ ಖಾಲಿ ಇರಲಿಲ್ಲ, ಬೇರೆ ಕಡೆ ವಿಚಾರಿಸುವಷ್ಟು ತಾಳ್ಮೆಯೂ ನನಗಿರಲಿಲ್ಲ. ‘ಏನ್ ಬ್ಯಾಡ, ನೋಡಿದ್ದಾತಲ್ಲ’ ಅಂದರು ವೈನಿ. ಊರಿಗೆ ಬಂದ ಮೇಲೆ ಭಜನಾ ಮಂಡಳಿಯವರ ಎದುರು ಸಮುದ್ರವನ್ನು ಬಾಯಿ ತುಂಬ ಹೊಗಳಿದರು. ಉಸುಕು ಜಾರುವ ಮಾತು ಯಾರೋ ಎತ್ತಿದಾಗ ಎದ್ದು ಒಳಗೆ ಹೋದರು. ಅಡಿಗೆ ಏನೋ ಹೊತ್ತುತ್ತಿರಬೇಕೆಂದು ನಾನು ತಿಳಿದೆ.

ಮಳೆಗಾಲ ಕಳೆಯುವಷ್ಟರಲ್ಲಿ ವೈನಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಆಪರೇಶನ್ ಆಯಿತು, ಆದರೆ ಎಲುಬು ಸರಿಯಾಗಿ ಕೂಡಲಿಲ್ಲ. ಈಗ ವಾಕರ್ ಹಿಡಿದು ಕೋಣೆಯಿಂದ ಅಡಿಗೆ ಮನೆಗೆ, ಅಡಿಗೆ ಮನೆಯಿಂದ ಕೋಣೆಗೆ, ಅಷ್ಟೇ. ನಮ್ಮ ಹಳೆಯ ವಾಡೆಮನೆಯ ಮೆಟ್ಟಿಲು ಇಳಿಯಬೇಕಾದರೆ ಇಬ್ಬರು ಖುರ್ಚಿ ಎತ್ತಬೇಕು. ಮನೆಗೆ ಬಂದವರಿಗೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೋದ ದೀಪಾವಳಿಗೆ ವೈನಿಯ ತವರಿನ ಕಡೆಯ ಹಿರಿಯರೊಬ್ಬರು ಊಟಕ್ಕೆ ಬಂದಿದ್ದರು. ನಾನು ಹೋಳಿಗೆ ತಂದು, ‘ಇನ್ನೊಂದು ಹಾಕ್ಲೇನ್ರಿ?’ ಅಂದೆ. ‘ಬ್ಯಾಡ್ರಿ, ಬ್ಯಾಡ್ರಿ,’ ಎಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಆಯಿತೆಂದು ನಾನು ಅಣ್ಣನ ಕಡೆ ತಿರುಗಿದೆ. ಮೂಲೆಯಲ್ಲಿ ಖುರ್ಚಿಯ ಮೇಲೆ ಕೂತಿದ್ದ ವೈನಿ ಅಲ್ಲಿಂದಲೇ, ‘ಹಾಕ, ಹಾಕ! ಕೇಳ್ಕೋತ ನಿಂದ್ರಬ್ಯಾಡ!’ ಎಂದು ಕೂಗಿದರು. ಹಾಕಿದೆ. ಹಿರಿಯರು ಬೇಡ ಬೇಡ ಅನ್ನುತ್ತಲೇ ತುಪ್ಪ ಹಾಕಿಸಿಕೊಂಡು ಅದನ್ನೂ ಮುಗಿಸಿದರು, ಅದರ ಮೇಲೆ ಮತ್ತೊಂದನ್ನೂ.

ನಮ್ಮಲ್ಲಿ ಊಟದ ರೀತಿಯೇ ಹಾಗೆ. ಕೇಳಿದ ಕೂಡಲೇ ಹೂಂ ಅಂದರೆ ಆಸೆಬುರುಕರ ಹಾಗೆ ಕಾಣುತ್ತದೆ. ಉಣ್ಣುವವರು ಬೇಡ ಅನ್ನಬೇಕು, ಬಡಿಸುವವರು ಬಿಡಬಾರದು. ಮತ್ತೆ ಬೇಡ ಅನ್ನಬೇಕು, ಮತ್ತೆ ಬಿಡಬಾರದು. ಹಾಗೆ ಬಿಡದೆ ಇಟ್ಟರೆ ಮಾತ್ರ ಮನಸಾರೆ ತಿಂದ ಹಾಗೆ. ಜನ್ಮವಿಡೀ ಎಲ್ಲರಿಗೂ ಹಾಗೆ ಒತ್ತಾಯ ಮಾಡಿ ಬಡಿಸಿದವರು ವೈನಿ. ಅವರು ಉಣ್ಣಲು ಕೂಡುವ ಹೊತ್ತಿಗೆ ನಾವೆಲ್ಲ ಕೈ ತೊಳೆದು ಎದ್ದಿರುತ್ತಿದ್ದೆವು.

ನೆಂಟರು ಹೋದ ಮೇಲೆ ತಟ್ಟೆ ಎತ್ತುತ್ತಿದ್ದೆ. ವೈನಿ ತಮಾಷೆಗೇ ಶುರು ಮಾಡಿದರು.

‘ಒಮ್ಮಿ ಬ್ಯಾಡ ಅಂದ್ರ ಮುಂದ ಹೋಗೇ ಬಿಡ್ತೀಯಲ್ಲ ನೀ. ಬಂದವರು ಉಪಾಸ ಹೋಗ್ತಾರ.’

‘ಬ್ಯಾಡ ಅಂದ್ರ ಬ್ಯಾಡ ಅಲ್ಲೇನ್ರಿ ಮತ್ತ?’

‘ಸಮುದ್ರದಾಗೂ ಹಂಗ ಮಾಡಿದಿ.’

ತಟ್ಟೆ ಹಿಡಿದು ನಿಂತೆ. ವೈನಿ ನಗುತ್ತಲೇ ಇದ್ದರು, ಆದರೆ ನನ್ನ ಕಡೆ ನೋಡುತ್ತಿರಲಿಲ್ಲ.

‘ಆ ಹುಡುಗಿ ಪಾಪ ಹೊಂಟಿದ್ಲು ನನ್ನ ಕರಕೊಂಡು. ನೀ ಬಂದು ಕೈ ಬಿಡಿಸಿದಿ.’

‘ಪರ್ವ ಅಲ್ಲ ಅಂದ್ರಲ್ಲ ವೈನಿ. ಸೀರಿ ತೋಯ್ತದ ಅಂದ್ರಿ.’

‘ಅನ್ನೂದೇನ, ಅಂದೆ. ಈ ವಯಸಿನ್ಯಾಗ, ಅಷ್ಟು ಮಂದಿ ಮುಂದ, ನಾನ ಜಿಗದು ಹೋಗಲೇನು? ನೀ ಎಳೀತಿ ಅಂತ ನಿಂತಿದ್ದೆ.’

ಅವರ ಕೈಯ ರೊಟ್ಟಿ ಉಂಡು ಬೆಳೆದವಳು ನಾನು. ಆ ‘ಬ್ಯಾಡ’ ಹೊರಗಿನವರಿಗೆ ತಿಳಿಯದಿದ್ದರೆ ತಿಳಿಯದು, ನನಗೆ ತಿಳಿಯಬೇಕಿತ್ತು. ತಿಳಿದದ್ದು ಬೆಂಗಳೂರಿನ ಆ ಅಪರಿಚಿತ ಹುಡುಗಿಗೆ. ಅವಳನ್ನೂ ಗದರಿಸಿ ಕಳಿಸಿದೆ. ದುಃಖ ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಜಾಣತನದ ಮೇಲೆ ಸಿಟ್ಟು ಬಂತು. ತಟ್ಟೆ ಕೆಳಗಿಟ್ಟು ಅವರ ಖುರ್ಚಿಯ ಹತ್ತಿರ ನೆಲದ ಮೇಲೆ ಕೂತೆ.

‘ಈಗ ಹೋಗೂಣ್ರಿ. ಬಸ್ಸು ಬ್ಯಾಡ, ಕಾರು ಮಾಡ್ತೀನಿ. ಹಾಸ್ಟೆಲ್ಲೂ ಬ್ಯಾಡ, ದಂಡಿ ಮ್ಯಾಲಿನ ಛಲೋ ಹೋಟೆಲ್ ಹಿಡೀತೀನಿ.’

‘ಬ್ಯಾಡ.’

‘ಯಾಕ್ರಿ? ಇಬ್ಬರು ಹಿಡದು ಖುರ್ಚಿ ಸಮೇತ ನೀರಿನ ತನಕ ಒಯ್ತೀವಿ.’

‘ಬ್ಯಾಡವ್ವಾ.’

ನಾನು ಬಿಡಲಿಲ್ಲ. ಕೈ ಹಿಡಿದೆ, ಎಳೆದೆ, ಆಣೆ ಹಾಕಿದೆ, ಅಣ್ಣನ ಕೈಯಲ್ಲಿ ಹೇಳಿಸುತ್ತೇನೆಂದೆ, ಪಂಚಾಂಗ ತಂದು ಒಳ್ಳೆಯ ಹುಣ್ಣಿಮೆ ನೋಡುತ್ತೇನೆಂದೆ. ಅವರು ಬಡಿಸುವಾಗ ಎಷ್ಟು ಸಲ ಕೇಳುತ್ತಿದ್ದರೋ ಅದಕ್ಕಿಂತ ಹೆಚ್ಚು ಸಲ ಕೇಳಿದೆ. ವೈನಿ ಕೊನೆಗೆ ತಮ್ಮ ಇನ್ನೊಂದು ಕೈಯನ್ನು ನನ್ನ ಕೈ ಮೇಲೆ ಇಟ್ಟು, ನನ್ನ ಹಿಡಿತವನ್ನು ಮೆಲ್ಲಗೆ ಬಿಡಿಸಿದರು.

‘ಸಾಕು ಮಾಡವ್ವಾ,’ ಅಂದರು. ‘ಅವತ್ತಿನ ಬ್ಯಾಡ ಖರೆ ಇದ್ದಿದ್ದಿಲ್ಲ. ಇದು ಖರೆ ಅದ.’