ಎಣ್ಣೆಯ ಬೆಲೆ ಇಳಿದ ವರ್ಷ ಊರಿಗೆ ಹೊರಟ ಪೆಟ್ಟಿಗೆಗಳು

ಎಣ್ಣೆಯ ಬೆಲೆ ಇನ್ನಷ್ಟು ಇಳಿಯಬಹುದಿತ್ತು. ಇಳಿದರೆ ಬಹರೈನ್ ಸರಕಾರ ಖರ್ಚಿಗೆ ಕತ್ತರಿ ಹಾಕಬಹುದಿತ್ತು. ಆ ಕತ್ತರಿ ಮೊದಲು ನಮ್ಮ ಒಳಚರಂಡಿ ಕಾಮಗಾರಿಯ ಮೇಲೆಯೇ ಬೀಳಬಹುದಿತ್ತು. ಕಾಮಗಾರಿ ನಿಂತರೆ ಕಂಪನಿಗೆ ನಾನು ಬೇಡವಾಗಬಹುದಿತ್ತು. ನಾನು ಬೇಡವಾದರೆ ನನ್ನ ವೀಸಾ ಹೋಗಿ, ಅದಕ್ಕೆ ಅಂಟಿಕೊಂಡಿದ್ದ ಹೆಂಡತಿಯ ವೀಸಾ, ಮಗಳ ವೀಸಾ ಎಲ್ಲ ಒಟ್ಟಿಗೆ ಹೋಗಬಹುದಿತ್ತು. ಹತ್ತನೇ ತರಗತಿಯಲ್ಲಿದ್ದ ಮಗಳು ನಡು ವರ್ಷದಲ್ಲಿ ಶಾಲೆ ಬಿಟ್ಟು, ಊರಲ್ಲಿ ಎಲ್ಲೂ ಸೇರಲಾಗದೆ, ಬೋರ್ಡ್ ಪರೀಕ್ಷೆಗೇ ಕೂರದೆ ಹೋಗಬಹುದಿತ್ತು. ವಿದೇಶಿ ವಿನಿಮಯದ ಸಂಗ್ರಹ ಕರಗಿ, ದಿನಾರು ಡಾಲರಿನ ಕೈ ಬಿಟ್ಟು ದೊಪ್ಪನೆ ಬೀಳಬಹುದಿತ್ತು. ಬ್ಯಾಂಕುಗಳು ಬಾಗಿಲು ಹಾಕಬಹುದಿತ್ತು. ಎಲ್ಲರೂ ಒಟ್ಟಿಗೆ ಹೊರಟು ವಿಮಾನದಲ್ಲಿ ಸೀಟು, ಹಡಗಿನಲ್ಲಿ ಜಾಗ ಸಿಗದೆ ಹೋಗಬಹುದಿತ್ತು. ಇಷ್ಟರ ನಡುವೆ ನನಗೆ ಹೃದಯಾಘಾತವೂ ಆಗಬಹುದಿತ್ತು. ವಿಮೆಯ ಕಾಗದ ಯಾವ ಡ್ರಾಯರಿನಲ್ಲಿದೆ ಎಂದು ಹೆಂಡತಿಗೆ ಮುಂಚೆಯೇ ತೋರಿಸಿಟ್ಟಿದ್ದೆ.

ಅದು ತೊಂಬತ್ತೆಂಟನೇ ಇಸವಿ. ನಾನು ದಾವಣಗೆರೆಯಿಂದ ಬಂದು ಬಹರೈನಿನಲ್ಲಿ ನೆಲೆ ನಿಂತಿದ್ದ ಸಿವಿಲ್ ಇಂಜಿನಿಯರು. ನಮ್ಮ ಕಂಪನಿ ಸರಕಾರದ ಗುತ್ತಿಗೆ ಹಿಡಿದು ಹಳೆಯ ಬಡಾವಣೆಗಳಿಗೆ ಒಳಚರಂಡಿ ಹಾಕುತ್ತಿತ್ತು. ಮೊದಲ ಹಂತ ಮುಗಿಯುತ್ತ ಬಂದಿತ್ತು, ಎರಡನೇ ಹಂತಕ್ಕೆ ಸರಕಾರ ಇನ್ನೂ ಹೂಂ ಅಂದಿರಲಿಲ್ಲ. ಆ ಹೂಂ ಮತ್ತು ನನ್ನ ಮಗಳ ಮಾರ್ಚ್ ತಿಂಗಳ ಪರೀಕ್ಷೆ, ಇವೆರಡರ ನಡುವೆ ಒಂದು ಪೈಪು ಜೋಡಿಸಿಕೊಂಡು ನಾನು ಇಡೀ ಬೇಸಿಗೆ ಬೆವರಿದೆ.

ಸಂಜೆ ಆಯಿತೆಂದರೆ ರೇಡಿಯೋಕ್ಕೆ ಕಿವಿ ಹಚ್ಚುತ್ತಿದ್ದೆ.

“ಬೇರೆಯವರ ಗಂಡಂದಿರು ಕ್ರಿಕೆಟ್ ಸ್ಕೋರ್ ಕೇಳ್ತಾರೆ. ನಮ್ಮ ಮನೇಲಿ ಬ್ಯಾರಲ್ ರೇಟು,” ಎನ್ನುತ್ತಿದ್ದಳು ಹೆಂಡತಿ. “ನಿಮ್ಮದೇನು ಹಿತ್ತಲಲ್ಲಿ ಎಣ್ಣೆ ಬಾವಿ ಇದೆಯೇನ್ರಿ?”

ನನ್ನ ಬಾವಿಯಲ್ಲ, ನಿಜ. ಆದರೆ ನನ್ನ ಸಂಬಳ ಬರುತ್ತಿದ್ದದ್ದು ಆ ಬಾವಿಯಿಂದಲೇ. ಬಹರೈನಿನ ಸ್ವಂತ ಎಣ್ಣೆ ಅಕ್ಕಪಕ್ಕದವರಿಗೆ ಹೋಲಿಸಿದರೆ ಒಗ್ಗರಣೆಗೆ ಸಾಕಾಗುವಷ್ಟು. ನೆರೆಯ ದೊಡ್ಡ ದೇಶದೊಂದಿಗೆ ಹಂಚಿಕೊಂಡ ಸಮುದ್ರದ ಬಾವಿಯ ಪಾಲು, ಸಂಸ್ಕರಣಾಗಾರ, ಅಲ್ಯೂಮಿನಿಯಂ, ಬ್ಯಾಂಕುಗಳು, ಇವೆಲ್ಲ ಸೇರಿ ಸಂಸಾರ ನಡೆಯುತ್ತಿತ್ತು. ಎಣ್ಣೆಯ ಬೆಲೆ ಕುಸಿದರೆ ರಸ್ತೆ, ಶಾಲೆ, ಚರಂಡಿ, ಯಾವುದರ ಮೇಲಾದರೂ ಕೈ ಇಡಲೇಬೇಕು ಎಂಬುದು ನನ್ನ ಲೆಕ್ಕ. ಸಾಲದ್ದಕ್ಕೆ ನಾನು ತೊಂಬತ್ತೊಂದರ ಭಾರತವನ್ನು ಕಂಡವನು. ನಮ್ಮ ದೇಶದ ಚಿನ್ನವೇ ವಿಮಾನ ಹತ್ತಿ ಅಡಮಾನಕ್ಕೆ ಹೋದ ಸುದ್ದಿ ಓದಿದ ಮೇಲೆ ‘ವಿದೇಶಿ ವಿನಿಮಯ’ ಎಂಬ ಮಾತು ಕೇಳಿದರೇ ನಾನು ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡುತ್ತಿದ್ದೆ. ಅದಕ್ಕೂ ಮುಂಚೆ ಯುದ್ಧಕ್ಕೆ ಹೆದರಿ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರನ್ನು ನೋಡಿದ್ದೆ. ನನ್ನ ಷಡ್ಡಕನ ತಮ್ಮ ಹೊಚ್ಚ ಹೊಸ ಫ್ರಿಜ್ ಬಿಟ್ಟು ಬಂದವನು ಮದುವೆ, ನಾಮಕರಣ, ಎಲ್ಲಿ ಸಿಕ್ಕರೂ ಆ ಫ್ರಿಜ್ಜಿನ ಬಣ್ಣ ವರ್ಣಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

ಈ ಜ್ಞಾನವನ್ನೆಲ್ಲ ನಾನು ಹೂರಾ ಪೇಟೆಯಲ್ಲಿದ್ದ ಗೆಳೆಯರೊಬ್ಬರ ಬಟ್ಟೆ ಅಂಗಡಿಯಲ್ಲಿ ಕೂತು ಹಂಚುತ್ತಿದ್ದೆ. ಅವರು ಉಡುಪಿ ಕಡೆಯವರು, ನನಗಿಂತ ಹಿರಿಯರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಪಾಠ ಕೇಳುವಷ್ಟು ಸಜ್ಜನರು.

“ನೋಡಿ, ದುಡ್ಡಿಗೆ ಬೆಲೆ ಇರೋದು ನಂಬಿಕೆಯಿಂದ,” ಎಂದೆ ಒಂದು ಸಂಜೆ. “ಒಬ್ಬ ಹೆದರಿ ಡಾಲರ್ ಕೊಳ್ಳೋಕೆ ಹೊರಟ ಅಂದ್ಕೊಳ್ಳಿ. ಅವನನ್ನ ನೋಡಿ ಇನ್ನೊಬ್ಬ, ಅವನನ್ನ ನೋಡಿ ಮತ್ತೊಬ್ಬ. ಸರಕಾರದ ಹತ್ತಿರ ಎಷ್ಟೇ ಸಂಗ್ರಹ ಇರಲಿ, ಖಾಲಿ.”

“ಹೌದಾ ಮಾರಾಯ್ರೆ? ಹಾಗಾದ್ರೆ ಆ ಮೊದಲಿನವನನ್ನ ಹಿಡಿದು ಮನೇಲಿ ಕೂರಿಸಿದ್ರೆ ಆಯ್ತಲ್ಲ,” ಎಂದು ಅವರು ಚಹಾ ತರಿಸಿದರು.

ಆ ಮೊದಲಿನವನು ಅವರ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಊರಿಗೆ ಹೋಗುವುದೇ ಆದರೆ ಎಲ್ಲರೂ ಹೊರಡುವ ಮುಂಚೆ ಸಾಮಾನು ಹೊರಡಬೇಕು. ಎಲ್ಲರೂ ಹೊರಟಾಗ ಹಡಗಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಈಗಲೇ ಸದ್ದಿಲ್ಲದೆ ಕಳಿಸಿಬಿಟ್ಟರೆ, ಆಮೇಲೆ ಮೂವರು ಮೂರು ಸೂಟ್‌ಕೇಸ್ ಹಿಡಿದು ರಾಜರ ಹಾಗೆ ವಿಮಾನ ಹತ್ತಬಹುದು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಹೆಂಡತಿ ತಲೆ ಚಚ್ಚಿಕೊಂಡಳು.

“ಕೆಲಸ ಹೋಗೋ ಮುಂಚೆ ಗ್ರೈಂಡರ್ ಕಳಿಸೋ ಗಂಡಸನ್ನ ನಾನು ಎಲ್ಲೂ ಕಂಡಿಲ್ಲ ಕಣ್ರಿ. ನಾಳೆ ಇಡ್ಲಿಗೆ ಏನ್ಮಾಡ್ಲಿ?”

“ಉಪ್ಪಿಟ್ಟು ಮಾಡು.”

ಮಗಳು ತನ್ನ ಕೋಣೆಯಿಂದ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಅಪ್ಪಾ, ಸೀರಿಯಸ್ಲೀ? ನನ್ನ ಟೇಬಲ್ ಲ್ಯಾಂಪೂ ಪ್ಯಾಕ್ ಮಾಡಿದ್ಯಾ? ಐ ಹ್ಯಾವ್ ಬೋರ್ಡ್ಸ್!”

ಲ್ಯಾಂಪು ಹೊರಗೆ ಬಂತು. ಉಳಿದದ್ದೆಲ್ಲ ಒಳಗೆ ಹೋಯಿತು: ಗ್ರೈಂಡರು, ಹೊಲಿಗೆ ಯಂತ್ರ, ಊರಿನ ಸೆಕೆಗೆ ಎಂದೂ ಬೇಕಾಗದ ದಪ್ಪ ಕಂಬಳಿಗಳು, ದೊಡ್ಡ ಪಾತ್ರೆಗಳು, ಹಾಲ್‌ನ ರತ್ನಗಂಬಳಿ. ಟೇಪು ಸುತ್ತಿ, ಹಗ್ಗ ಬಿಗಿದು, ಪ್ರತಿ ರಟ್ಟಿನ ಪೆಟ್ಟಿಗೆಯ ಆರೂ ಮುಖಕ್ಕೆ ಮಾರ್ಕರಿನಲ್ಲಿ ವಿಳಾಸ ಬರೆದೆ. ಸಾಗಣೆಯ ವ್ಯಾನು ಬರುವುದಕ್ಕೆ ನಾನು ಗೊತ್ತುಮಾಡಿದ ದಿನ ಶುಕ್ರವಾರ.

ಈ ಮೂರ್ಖತನ ಅರ್ಥವಾಗಬೇಕಾದರೆ ನಾವಿದ್ದ ಉಮ್ ಅಲ್ ಹಸ್ಸಮ್ ಬಡಾವಣೆಯ ಶುಕ್ರವಾರ ಗೊತ್ತಿರಬೇಕು. ವಾರದ ರಜೆ ಅಂದೇ. ನಮ್ಮ ಕಟ್ಟಡದ ಕೆಳಗೆ ಮಕ್ಕಳ ಕ್ರಿಕೆಟ್, ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುವ ಹೆಂಗಸರು, ಕಾರು ತೊಳೆಯುವ ಗಂಡಸರು, ಅವರಲ್ಲಿ ಅರ್ಧ ಜನ ಕರಾವಳಿಯವರು. ಕೊಲ್ಲಿಯಲ್ಲಿರುವ ನಮ್ಮವರಿಗೆ ಪೆಟ್ಟಿಗೆ ಎಂದರೆ ಎರಡೇ ಅರ್ಥ. ಒಂದೋ ಎರಡೋ ಹೋದರೆ ಊರಲ್ಲಿ ಮದುವೆ. ಹೊಲಿಗೆ ಯಂತ್ರ, ರತ್ನಗಂಬಳಿ ಸಮೇತ ಮನೆಯೇ ಕೆಳಗಿಳಿದರೆ ‘ಫೈನಲ್’, ಅಂದರೆ ವೀಸಾ ರದ್ದು ಮಾಡಿಸಿ ಶಾಶ್ವತವಾಗಿ ಊರಿಗೆ. ಅದನ್ನು ಯಾರೂ ಕೇಳಿ ಖಾತ್ರಿ ಮಾಡಿಕೊಳ್ಳುವುದಿಲ್ಲ. ಕೇಳಿದರೆ ನೊಂದವರಿಗೆ ಇನ್ನಷ್ಟು ನೋವು. ಸುಮ್ಮನೆ ಊಟಕ್ಕೆ ಕರೆಯುತ್ತಾರೆ.

ಇವರೆಲ್ಲರ ಕಣ್ಣೆದುರೇ ನಮ್ಮ ಪೆಟ್ಟಿಗೆಗಳು ವ್ಯಾನು ಹತ್ತಿದವು. ಮುಂದಿನ ಶುಕ್ರವಾರ ಮೇಲಿನ ಮನೆಯವರು ಊಟಕ್ಕೆ ಕರೆದರು. ಅದರ ಮುಂದಿನ ಶುಕ್ರವಾರ ಎದುರು ಮನೆಯವರು. ಕೋಳಿ ತಿನ್ನದ ನಮಗಾಗಿ ಹಲಸಿನ ಸೊಳೆಯ ಪಲ್ಯ, ನೀರುದೋಸೆ, ಪಾಯಸ. ಮೊದಲ ಊಟವನ್ನು ನಾನು ನಮ್ಮ ಜನಪ್ರಿಯತೆ ಎಂದುಕೊಂಡೆ. ಎರಡನೆಯ ಊಟದ ಕೊನೆಗೆ ಮನೆಯೊಡತಿ ನನ್ನ ಹೆಂಡತಿಯ ಕೈಗೆ ಬೆಳ್ಳಿಯ ಕುಂಕುಮದ ಬಟ್ಟಲು ಇಟ್ಟು ತಬ್ಬಿಕೊಂಡು ಅತ್ತರು.

“ಯಾಕೆ ಅತ್ತರು?” ಎಂದೆ ಹೊರಗೆ ಬರುತ್ತ.

“ನಿಮ್ಮ ಗ್ರೈಂಡರ್ ನೆನೆಸಿಕೊಂಡು,” ಎಂದಳು.

ಮರುದಿನವೇ ಹೂರಾಕ್ಕೆ ಓಡಿದೆ. ಅಂಗಡಿಯ ಗೆಳೆಯರು ನನ್ನನ್ನು ಕಂಡವರೇ ಟೆಲಿಫೋನಿನ ರಿಸೀವರ್ ಕೆಳಗಿಟ್ಟರು.

“ಎಂತ ಮಾರಾಯ್ರೆ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ದಿನಾ ಬಂದು ಚಹಾ ಕುಡಿದು ಪಾಠ ಮಾಡುವವರು!”

“ನಾನು ಎಲ್ಲೂ ಹೋಗ್ತಿಲ್ಲ.”

“ಸಾಕು, ಸಾಕು. ಸರಕಾರದ ಕೆಲಸ ಮಾಡುವ ಇಂಜಿನಿಯರೇ ಮನೆ ಖಾಲಿ ಮಾಡಿದ್ರೆ ಒಳಗೆ ಎಂತದೋ ಉಂಟು ಅಂತ ಇಡೀ ಹೂರಾ ಮಾತಾಡ್ತಾ ಉಂಟು. ದೀಪಾವಳಿಗೆ ಬೊಂಬಾಯಿಂದ ಸೀರೆ ಬರ್ಲಿಕ್ಕಿತ್ತು. ಬೇಡ, ತಡೀರಿ ಅಂತ ಈಗಷ್ಟೇ ಹೇಳಿದೆ. ಪಕ್ಕದ ಪಾತ್ರೆ ಅಂಗಡಿಯವನೂ ತಡೆದಿದ್ದಾನೆ.”

ನಾನು ಅದೇ ಸ್ಟೂಲಿನ ಮೇಲೆ ಕೂತೆ. ಎಣ್ಣೆಯ ಬೆಲೆ ಮಾಡಲಾಗದ್ದನ್ನು ನನ್ನ ರಟ್ಟಿನ ಪೆಟ್ಟಿಗೆಗಳು ಮಾಡಿದ್ದವು. ಹೂರಾದ ಒಂದು ಗಲ್ಲಿಯ ಆರ್ಥಿಕ ಹಿನ್ನಡೆಗೆ ನಾನೊಬ್ಬನೇ ಕಾರಣನಾಗಿದ್ದೆ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸುದ್ದಿ ನಮ್ಮ ಕಂಪನಿಯ ಮಾಲೀಕರಿಗೂ ತಲುಪಿತ್ತು. ವಯಸ್ಸಾದ ಬಹರೈನಿ. ಎಳೆವಯಸ್ಸಿನಲ್ಲಿ ಬೊಂಬಾಯಿಯಲ್ಲಿ ತಂದೆಯ ಜತೆ ವ್ಯಾಪಾರ ಮಾಡಿದವರು, ಹಾಗಾಗಿ ನಮ್ಮೊಂದಿಗೆ ಬೊಂಬಾಯಿ ಹಿಂದಿಯಲ್ಲೇ ಮಾತು. ಒಳಗೆ ಕರೆಸಿ ಕೂರಿಸಿದರು. ಅವರು ಕೂರಿಸಿದರೆ ವಿಷಯ ಗಂಭೀರ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

“ಕ್ಯಾ ಬಾಬಾ, ತುಮ್ ಫೈನಲ್ ಜಾತಾ ಹೈ? ಹಮ್ ಕೋ ಬೋಲಾ ಭೀ ನಹೀ?”

ತಮಗೂ ಹೇಳದೆ ನಾನು ಶಾಶ್ವತವಾಗಿ ಹೊರಟೆನೆಂದು ನಂಬಿ, ಬೊಂಬಾಯಿಯ ಏಜೆಂಟಿಗೆ ಹೇಳಿ ಆಗಲೇ ಬೇರೊಬ್ಬ ಇಂಜಿನಿಯರನ್ನು ಹುಡುಕಿಸಿದ್ದರಂತೆ. ಮುಂದಿನ ತಿಂಗಳು ಆತ ಬರುತ್ತಾನಂತೆ. ಎಣ್ಣೆಗೆ ಹೆದರಿ ಕಟ್ಟಿದ ಪೆಟ್ಟಿಗೆಗಳಿಂದಲೇ ಮಗಳ ಪರೀಕ್ಷೆ ಹೋಗುತ್ತಿತ್ತು. ಬ್ಯಾರಲ್, ದಿನಾರು, ಸಂಗ್ರಹ, ಕುವೈತ್, ಷಡ್ಡಕನ ತಮ್ಮನ ಫ್ರಿಜ್ಜು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮಗಳ ಹತ್ತನೇ ತರಗತಿಯನ್ನು ಕೊನೆಗೆ ಹೇಳಿದೆ.

ಅವರು ಎದ್ದು ನಿಂತರು. “ಸರ್ಕಾರ್ ಕಾ ಪೈಸಾ ಸರ್ಕಾರ್ ಕಾ ಟೆನ್ಶನ್. ತುಮ್ ಕಾಯ್ ಕೋ ಲೇತಾ ಹೈ?” ಎಂದರು, ಸರಕಾರದ ಚಿಂತೆ ನಿನಗೇಕೆ ಎಂಬಂತೆ. ಆಮೇಲೆ ಗೋಡೆಯ ಮೇಲಿದ್ದ ನಕ್ಷೆಗೆ ಬೆರಳು ತಟ್ಟಿ, “ಆಧಾ ಪೈಪ್ ಡಾಲಾ. ಆಧಾ ಬಾಕಿ. ಗಂದಾ ಪಾನಿ ಬೀಚ್ ಮೇ ಖಡಾ ರಹೇಗಾ ಕ್ಯಾ, ತೇಲ್ ಕಾ ಭಾವ್ ದೇಖ್ನೇ ಕೋ?” ಎಂದರು. ಅರ್ಧ ಹಾಕಿದ ಪೈಪಿನೊಳಗೆ ಕೊಳಚೆ ನೀರು ಎಣ್ಣೆಯ ಬೆಲೆ ಏರುವವರೆಗೆ ಕಾದು ನಿಲ್ಲುತ್ತದೆಯೇ ಎಂಬುದು ಅವರ ಅರ್ಥಶಾಸ್ತ್ರ.

ಆದರೂ ಅವರು ಮಾತು ಕೊಡಲಿಲ್ಲ. ಎರಡನೇ ಹಂತ ಬಂದರೆ ನೋಡೋಣ, ಬೊಂಬಾಯಿಯವನಿಗೆ ಇನ್ನೂ ಬೇಡ ಎಂದಿಲ್ಲ, ನೀನು ಇರುವವನೋ ಹೋಗುವವನೋ ಎಂದು ಮೊದಲು ನಿನ್ನ ಜನಕ್ಕೆ ತಿಳಿಯಲಿ ಎಂದರು.

ಮನೆಗೆ ಬಂದು ಹೇಳಿದೆ. ಹೆಂಡತಿ ಒಲೆ ಆರಿಸಿದಳು. ಸೀರೆ ಬದಲಾಯಿಸಿ ಬಂದು, “ಏಳಿ, ಕಾರು ತೆಗೀರಿ,” ಎಂದಳು. ಹೋಗಿ ಹೊಸ ಗ್ರೈಂಡರು ಕೊಂಡಳು. ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು. ಅಂಗಡಿಯವ ಈಗಲೇ ತಲುಪಿಸುತ್ತೇನೆ ಎಂದ.

“ಬೇಡ. ಶುಕ್ರವಾರ ಬೆಳಿಗ್ಗೆ ಕಳಿಸಿ. ಪೆಟ್ಟಿಗೆ ಬಿಚ್ಚಿ, ಹಾಗೇ ಕಾಣೋ ಹಾಗೆ,” ಎಂದಳು.

ಶುಕ್ರವಾರ ಬೆಳಿಗ್ಗೆ ಕ್ರಿಕೆಟ್ ನಿಂತಿತು. ಇಬ್ಬರು ಆ ಗ್ರೈಂಡರನ್ನು ಉತ್ಸವಮೂರ್ತಿಯ ಹಾಗೆ ಹೊತ್ತು ಮೆಟ್ಟಿಲು ಏರಿದರು. ಹಿಂದೆ ಹೆಂಡತಿ, ಅವಳ ಹಿಂದೆ ಹೊಸ ರತ್ನಗಂಬಳಿ ಹೆಗಲಿಗೇರಿಸಿದ ನಾನು. ಮಧ್ಯಾಹ್ನಕ್ಕೆ ಹೂರಾದಿಂದ ಫೋನು. “ಗ್ರೈಂಡರ್ ತಕ್ಕೊಂಡ್ರಂತೆ? ಹಾಗಾದ್ರೆ ಸೀರೆ ತರಿಸ್ತೇನೆ. ಮತ್ತೆ ಪೆಟ್ಟಿಗೆ ಕಟ್ಟುದಾದ್ರೆ ನಂಗೆ ಮೊದಲು ಹೇಳಿ, ಹಾಂ?”

ಬೆಲೆ ಬಿದ್ದ ವರ್ಷವೇ ಸರಕಾರಗಳು ಯಾಕೆ ಹೊಸ ಸೇತುವೆಗೆ ಕಲ್ಲು ಹಾಕುತ್ತವೆ ಎಂಬುದು ನನಗೆ ಅಂದು ಅರ್ಥವಾಯಿತು. ಸೇತುವೆ ಬೇಕೆಂದು ಮಾತ್ರವಲ್ಲ, ನೋಡುವವರು ನೋಡಲಿ ಎಂದೂ.

ಬೆಳ್ಳಿಯ ಬಟ್ಟಲನ್ನು ಹಿಂದಿರುಗಿಸಲು ಎದುರು ಮನೆಗೆ ಹೋದೆವು. ಅವರು ತೆಗೆದುಕೊಳ್ಳಲಿಲ್ಲ. “ಇರ್ಲಿ, ಒಂದು ದಿನ ಹೋಗ್ಲೇಬೇಕಲ್ಲ, ಆಗ ಬರೀ ಊಟ ಹಾಕ್ತೇವೆ,” ಎಂದರು.

ನವೆಂಬರ್ ಹೋಯಿತು. ಎಣ್ಣೆ ಇನ್ನೂ ಇಳಿಯಿತು. ನಾನು ರೇಡಿಯೋ ಕೇಳುವುದನ್ನು ಬಿಟ್ಟಿದ್ದೆ, ಅಥವಾ ಹೆಂಡತಿ ಮನೆಯಲ್ಲಿ ಇಲ್ಲದಾಗ ಮಾತ್ರ ಕೇಳುತ್ತಿದ್ದೆ. ಹೊಸ ವರ್ಷ ಹುಟ್ಟಿ ಕೆಲವು ದಿನಗಳಲ್ಲಿ ಮಾಲೀಕರು ನನ್ನ ಕೋಣೆಯ ಬಾಗಿಲಿಗೆ ಬಂದು, ನಿಂತಲ್ಲಿಂದಲೇ, “ಆ ಗಯಾ. ಸೆಕೆಂಡ್ ಫೇಸ್. ಮಬ್ರೂಕ್,” ಎಂದು ಅಭಿನಂದಿಸಿ ಹೋದರು. ಸರಕಾರ ಹೂಂ ಅಂದಿತ್ತು. ದಿನಾರು ಕೂತಲ್ಲೇ ಕೂತಿತ್ತು. ಬ್ಯಾಂಕುಗಳ ಬಾಗಿಲು ತೆರೆದೇ ಇತ್ತು. ಬೊಂಬಾಯಿಯ ಇಂಜಿನಿಯರಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತಂತೆ. ಅವನಿಗೆ ಒಳ್ಳೆಯದಾಗಲಿ ಎಂದು ಮನೆಯಲ್ಲಿ ದೀಪ ಹಚ್ಚಿದೆವು. ನನ್ನ ವೀಸಾ ನವೀಕರಣವಾಯಿತು. ಮಗಳು ಟೇಬಲ್ ಲ್ಯಾಂಪಿನ ಕೆಳಗೆ ತಲೆ ಹುದುಗಿಸಿ ಕೂತಳು.

ಎರಡನೇ ಹಂತ ಉಮ್ ಅಲ್ ಹಸ್ಸಮ್‌ನ ಒಳಬೀದಿಗಳದ್ದು. ನಮ್ಮ ಬೀದಿಯೂ ಅದರಲ್ಲಿತ್ತು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆ ನಕ್ಷೆ ನೋಡಿ ಖುಷಿಪಟ್ಟವರಲ್ಲಿ ನಾನೇ ಮೊದಲಿಗ. ನಮ್ಮ ಬೀದಿಯ ಸರದಿ ಏಪ್ರಿಲಿನಲ್ಲಿ ಎಂದಿತ್ತು. ಆದರೆ ಸರಕಾರ ಈಗ ನಮಗಿಂತ ಅವಸರದಲ್ಲಿತ್ತು. ಕೊಟ್ಟ ಹಣ ಕೆಲಸವಾಗಿ ಬೇಗ ಕಾಣಬೇಕಿತ್ತು. ಇನ್ನೊಂದು ತಂಡ ಹಾಕಿದರು, ಅಗೆಯುವ ಯಂತ್ರ ಇನ್ನೊಂದು ಬಂತು. ಆ ತಂಡದ ಉಸ್ತುವಾರಿ ಬೇರೆಯವರದು.

ಮಾರ್ಚಿನ ಮೊದಲ ಪರೀಕ್ಷೆಯ ಬೆಳಿಗ್ಗೆ ಮಗಳು ಮೊಸರು ಸಕ್ಕರೆ ತಿಂದು, ದೇವರಿಗೆ ಕೈ ಮುಗಿದು, ನನ್ನ ಹಿಂದೆ ಮೆಟ್ಟಿಲು ಇಳಿದಳು. ಕಾರಿನ ಕೀಲಿ ಕೈಯಲ್ಲಿ ಹಿಡಿದು ಹೊರಗೆ ಬಂದ ನಾನು ಹಾಗೇ ನಿಂತೆ. ನಮ್ಮ ಕಟ್ಟಡದ ಗೇಟಿನ ಈ ತುದಿಯಿಂದ ಆ ತುದಿಯವರೆಗೆ ನಮ್ಮದೇ ಕಂಪನಿಯ ಕಂದಕ ಬಾಯಿ ತೆರೆದು ಮಲಗಿತ್ತು. ಬಹರೈನಿನಲ್ಲಿ ಆಳು ಮುಳುಗದಷ್ಟು ಅಗೆದರೂ ಸಮುದ್ರವೇ ಸಿಗುವುದು. ಉಪ್ಪು ನೀರು ಅರ್ಧ ತುಂಬಿತ್ತು. ಕಾರು ಒಳಗೆ, ರಸ್ತೆ ಹೊರಗೆ. ದಾಟಲು ಒಂದು ಹಲಗೆ.

“ನಿಮ್ಮ ಸೆಕೆಂಡ್ ಫೇಸ್,” ಎಂದಳು ಹೆಂಡತಿ ಬಾಲ್ಕನಿಯಿಂದ.

ಮಗಳು ಬ್ಯಾಗು ನನಗೆ ಕೊಟ್ಟು, ಕೈ ಚಾಚಿ, ತಂತಿಯ ಮೇಲೆ ನಡೆಯುವವಳ ಹಾಗೆ ಹಲಗೆ ದಾಟಿದಳು. ಕೊನೆಯ ಹೆಜ್ಜೆಯಲ್ಲಿ ಎಡಗಾಲು ಜಾರಿ ಮೊಣಕಾಲಿನವರೆಗೆ ನೀರಿಗಿಳಿಯಿತು. ನಾನು ಬ್ಯಾಗಿನ ಸಮೇತ ಹಲಗೆಯ ಮೇಲೆ ಓಡಿದೆ. ಅವಳು ಕಾಲೆತ್ತಿ ನೋಡಿ ನಕ್ಕಳು.

ಮುಖ್ಯ ರಸ್ತೆಗೆ ಓಡಿ ಟ್ಯಾಕ್ಸಿ ಹಿಡಿದೆವು. ಹೊತ್ತಿಗೆ ಮುಂಚೆಯೇ ತಲುಪಿದೆವು. ಶಾಲೆಯ ಗೇಟಿನಲ್ಲಿ ಅವಳು ಶೂ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಕಾಲುಚೀಲ ಹಿಂಡಿ ನನ್ನ ಕೈಗೆ ಕೊಟ್ಟು, “ಡೋಂಟ್ ವರಿ ಅಪ್ಪಾ, ಮ್ಯಾತ್ಸ್ ಕಾಲಲ್ಲಿ ಬರೆಯಲ್ಲ,” ಎಂದು ಒಳಗೆ ಹೋದಳು.

ಹತ್ತನೇ ತರಗತಿಯ ಮೊದಲ ಪರೀಕ್ಷೆಯನ್ನು ನನ್ನ ಮಗಳು ಎಡಗಾಲಿಗೆ ಕಾಲುಚೀಲವಿಲ್ಲದೆ ಬರೆದಳು.