ಹೂಮಳೆ ಬಂತು, ಮಾವ ಬರೆಯಲಿಲ್ಲ

ಕಳೆದ ವಾರ ನಮ್ಮಲ್ಲಿ ಹೂಮಳೆ ಬಂತು. ಮಾವ ಬರೆದಿಡಲಿಲ್ಲ.

ಇದರಲ್ಲೇನು ವಿಶೇಷ ಅಂತೀರಾ? ಹಾಗಾದರೆ ನೀವು ಕೊಡಗಿನವರಲ್ಲ. ಬೇಸಿಗೆಯ ನಡುವೆ ಬರುವ ಈ ಒಂದು ಮಳೆಯನ್ನು ನಂಬಿಕೊಂಡೇ ಕಾಫಿ ಗಿಡ ಹೂ ಬಿಡುವುದು. ಅದು ಬಿದ್ದ ಮರುದಿನ ಇಲ್ಲಿ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಫೋನ್ ಎತ್ತಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟು?" (ನೂರು ಸೆಂಟಿಗೆ ಒಂದು ಇಂಚು ಮಳೆ. ಸರ್ಕಾರ ಮಿಲಿಮೀಟರ್ ಅನ್ನುತ್ತದೆ, ಅನ್ನಲಿ ಬಿಡಿ.)

ಸುಂಟಿಕೊಪ್ಪದ ಸುತ್ತಮುತ್ತ ಆ ಪ್ರಶ್ನೆಗೆ ಪಕ್ಕಾ ಉತ್ತರ ಬೇಕಾದವರು ನಮ್ಮ ಮಾವನಿಗೆ ಫೋನ್ ಮಾಡುತ್ತಾರೆ. ವಯಸ್ಸು ಎಂಬತ್ತೈದು ದಾಟಿದೆ. ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ರೈಟರ್ (ಲೆಕ್ಕದ ಗುಮಾಸ್ತ) ಆಗಿದ್ದ ಕಾಲದಿಂದ ಮಳೆ ಬರೆಯುತ್ತಾ ಬಂದವರು. ಮದುವೆಯ ದಿನವೂ ಮಳೆಮಾಪಕ ನೋಡಿಯೇ ಮಂಟಪಕ್ಕೆ ಹೋದರಂತೆ. ಅಂಥವರು ಮೊನ್ನೆ ಪಕ್ಕದ ತೋಟದವರಿಗೆ ಫೋನಿನಲ್ಲಿ, "ಗೊತ್ತಿಲ್ಲ ಮಾರಾಯ. ನಾನೀಗ ಅದೆಲ್ಲ ಬಿಟ್ಟಿದ್ದೇನೆ" ಎಂದದ್ದು ಅಡುಗೆಮನೆಗೆ ಕೇಳಿಸಿತು. ನನ್ನ ಒಗ್ಗರಣೆ ಸೀದುಹೋಯಿತು.

ಹೊರಗೆ ಬಂದೆ. ಮಾವ ಜಗಲಿಯಲ್ಲಿ ಕೂತಿದ್ದರು.

"ಎಂತ ಮಾವ, ಹುಷಾರಿಲ್ವಾ?"

ಮಾವ ಮೆಲ್ಲಗೆ ಹೇಳಿದರು: "ಒಂದು ಸಲ ಡಾಕ್ಟರ ಹತ್ರ ಹೋಗಿ ಬರುವನಾ? ಅಣ್ಣನಿಗೆ ಶುರುವಾದ ಹಾಗೆ ನನಗೂ ಶುರುವಾಗಿದೆ ಅಂತ ಕಾಣ್ತದೆ."

ಅವರ ಅಣ್ಣನನ್ನು ನಾನೂ ನೋಡಿದ್ದೇನೆ. ಕೊನೆಯ ವರ್ಷಗಳಲ್ಲಿ ಸ್ವಂತ ಹೆಂಡತಿಯನ್ನೇ "ನೀವು ಯಾರ ಕಡೆಯವರು?" ಎಂದು ವಿಚಾರಿಸುತ್ತಿದ್ದರು. ಮಾವನಿಗೆ ಸಾವಿನ ಭಯವಿಲ್ಲ. ಇರುವುದು ಈ ಭಯ ಒಂದೇ.

"ಯಾಕೆ ಹಾಗೆ ಹೇಳ್ತೀರಿ?"

"ಕಂಪ್ಯೂಟರ್ ತೆಗೆಯೋದೇ ಮರೆತುಹೋಗಿದೆಯಮ್ಮ. ಐದು ದಿನದಿಂದ ನೋಡ್ತಾ ಇದ್ದೇನೆ. ಎಂತ ಮಾಡಿದ್ರೂ ಮಳೆ ಪುಸ್ತಕ ಬರೋದೇ ಇಲ್ಲ."

ಇಲ್ಲಿ ಆ ಕಂಪ್ಯೂಟರಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರೊಳಗೆ ಎರಡು ಸಂಸಾರ. ಒಂದು ಹಳೇ ಕಾಲದ ಆಪರೇಟಿಂಗ್ ಸಿಸ್ಟಂ. ಮಡಿಕೇರಿಯ ಮೇಷ್ಟ್ರೊಬ್ಬರು ಬಹಳ ಹಿಂದೆ ಬರೆದುಕೊಟ್ಟ ಮಳೆ ಪುಸ್ತಕದ ಪ್ರೋಗ್ರಾಂ ಅದರಲ್ಲಿ ಮಾತ್ರ ನಡೆಯುತ್ತದೆ. ಇನ್ನೊಂದು ಹೊಸ ಸಿಸ್ಟಂ, ಈ ಅಂಕಣ ಬರೆಯಲು ನಾನು ಹಾಕಿಸಿಕೊಂಡದ್ದು. ಗುಂಡಿ ಒತ್ತಿದ ತಕ್ಷಣ ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಬೂಟ್ ಮೆನು ಅನ್ನುತ್ತಾರೆ. ಮೊದಲ ಸಾಲು ಮಾವನದು, ಎರಡನೆಯದು ನನ್ನದು. ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿದರೆ ಮುಗಿಯಿತು.

ಬೇರೆಯವರ ಮನೆಯಲ್ಲಿ ಈ ಮೆನು ಐದೋ ಹತ್ತೋ ಸೆಕೆಂಡ್ ಇದ್ದು ಮಾಯವಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಮಾವ ಬೆಳಿಗ್ಗೆ ಎಂಟೂವರೆಗೆ ಗುಂಡಿ ಒತ್ತಿ, ಅಂಗಳಕ್ಕಿಳಿದು, ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಎರಡು ಸಲ ನೋಡಿ, ಒಳಗೆ ಬಂದು, ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಅಷ್ಟು ಹೊತ್ತೂ ಮೆನು ಕಾಯಬೇಕು. ಸುಂಟಿಕೊಪ್ಪದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಶ್ರಫ್ ಒಂದು ಮಧ್ಯಾಹ್ನವಿಡೀ ಕೂತು ಹಾಗೆ ಸೆಟ್ಟಿಂಗ್ ಮಾಡಿಕೊಟ್ಟಿದ್ದ. ಯಾರಾದರೂ ಕೀ ಒತ್ತುವವರೆಗೆ ಕದಲುವುದಿಲ್ಲ. ಅಕ್ಷರವೂ ದೊಡ್ಡದು.

ಮಾವನನ್ನು ಕರೆದುಕೊಂಡು ಹೋಗಿ ಗುಂಡಿ ಒತ್ತಿದೆ. ಮೆನು ಬರಲೇ ಇಲ್ಲ. ಪರದೆ ಒಮ್ಮೆ ಕಪ್ಪಾಗಿ, ಸೀದಾ ನನ್ನ ಸಿಸ್ಟಂ ತೆರೆದುಕೊಂಡಿತು.

ಆಗ ನೆನಪಾಯಿತು. ಕಳೆದ ವಾರ ಅಪ್‌ಡೇಟ್ ಮಾಡಿದ್ದು ನಾನೇ.

ಅಶ್ರಫ್‌ಗೆ ಫೋನ್ ಮಾಡಿದೆ.

"ಅಕ್ಕ, ಅಪ್‌ಡೇಟ್ ಆಗುವಾಗ ನಡುವಲ್ಲಿ ನಿಲ್ಸಿ ಒಂದು ಪ್ರಶ್ನೆ ಕೇಳ್ತದೆ. ಈ ಫೈಲನ್ನ ನೀವು ಬದಲು ಮಾಡಿದ್ದೀರಿ, ನಿಮ್ಮದನ್ನೇ ಇಟ್ಟುಕೊಳ್ತೀರೋ, ನಮ್ಮ ಹೊಸದನ್ನ ಹಾಕಬೇಕೋ ಅಂತ. ನೀವು ಎಂತ ಒತ್ತಿದ್ರಿ?"

"ಹೊಸದು."

"ಓದಿದ್ರಾ?"

ಓದಿರಲಿಲ್ಲ. ಹೊಸದು ಅಂದಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡಿದ್ದೆ. (ಜನ ಈಗ ಏನನ್ನೂ ಪೂರ್ತಿ ಓದುವುದಿಲ್ಲ ಎಂದು ಇದೇ ಜಾಗದಲ್ಲಿ ಎಷ್ಟು ಸಲ ಗೊಣಗಿದ್ದೇನೋ!) ಒಂದು ಕೀ ಒತ್ತಿದ್ದಕ್ಕೆ ಮಾವನ ಸಾಲು ಅಳಿಸಿಹೋಗಿತ್ತು, ಕಾಯುವ ಹೊತ್ತು ಸೊನ್ನೆಯಾಗಿತ್ತು. ನನಗೆ ಏನೂ ಗೊತ್ತಾಗಲಿಲ್ಲ. ನನಗೆ ಬೇಕಾದದ್ದು ತಾನಾಗಿಯೇ ತೆರೆದುಕೊಳ್ಳುತ್ತಿತ್ತಲ್ಲ?

ಆದರೆ ನನ್ನನ್ನು ಚುಚ್ಚಿದ್ದು ಬೇರೆ. ಯಂತ್ರ ಕೆಟ್ಟಿದೆ ಎಂಬ ಯೋಚನೆ ಮಾವನಿಗೆ ಒಮ್ಮೆಯೂ ಬರಲಿಲ್ಲ. ತಮ್ಮ ತಲೆಯೇ ಕೆಟ್ಟಿದೆ ಅಂದುಕೊಂಡರು. ಐದು ಬೆಳಿಗ್ಗೆ ಅದರ ಮುಂದೆ ಒಬ್ಬರೇ ಕೂತು, ಯಾರಿಗೂ ಹೇಳದೆ ಎದ್ದುಹೋಗಿದ್ದಾರೆ. ಬ್ಯಾಂಕಿನ ಮೆಷಿನ್ ಮುಂದೆ, ಆಸ್ಪತ್ರೆಯ ಟೋಕನ್ ಪರದೆಯ ಮುಂದೆ ತಡವರಿಸುವ ಹಿರಿಯರನ್ನು ನೀವೂ ನೋಡಿದ್ದೀರಿ. ನಿನ್ನೆಯವರೆಗೆ ಇದ್ದ ಗುಂಡಿ ಇವತ್ತು ಬೇರೆ ಕಡೆ ಹೋಗಿರುತ್ತದೆ. ಅವರು ಹಿಂದೆ ನಿಂತವರಿಗೆ "ವಯಸ್ಸಾಯ್ತಪ್ಪ" ಎಂದು ಸಮಜಾಯಿಷಿ ಕೊಡುತ್ತಾರೆ. ಗುಂಡಿ ಸರಿಸಿದವರು ಯಾರೂ ಸಮಜಾಯಿಷಿ ಕೊಡುವುದಿಲ್ಲ.

"ಹೆದರ್ಬೇಡಿ ಅಕ್ಕ, ಅದು ಹಳೇ ಫೈಲನ್ನ ಬಿಸಾಡಿರೋದಿಲ್ಲ. ಹೆಸರು ಬದಲಾಯಿಸಿ ಪಕ್ಕಕ್ಕೆ ಇಟ್ಟಿರ್ತದೆ" ಎಂದ ಅಶ್ರಫ್. ಅವನು ಫೋನಿನಲ್ಲೇ ಹೇಳಿದಂತೆ ಹುಡುಕಿದೆ. ಇತ್ತು. ಅದನ್ನು ಮತ್ತೆ ಅದರ ಜಾಗಕ್ಕೆ ತಂದು, ಅವನು ಹೇಳಿದ ಒಂದು ಸಾಲಿನ ಆಜ್ಞೆ ಕೊಟ್ಟು, ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ.

ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬಂದು ನಿಂತವು.

ಮಾವ ಕನ್ನಡಕ ತೆಗೆದು ಒರೆಸಿದರು. ಅಗತ್ಯಕ್ಕಿಂತ ಜಾಸ್ತಿ ಹೊತ್ತೇ ಒರೆಸಿದರು. ಆಮೇಲೆ ಎಂಟರ್ ಒತ್ತಿ, ಅಂಗಿಯ ಜೇಬಿನಿಂದ ಐದು ಚೀಟಿ ತೆಗೆದು ಮೇಜಿನ ಮೇಲೆ ಜೋಡಿಸಿದರು. ಒಂದೊಂದರಲ್ಲೂ ಪೆನ್ಸಿಲಿನಲ್ಲಿ ತಾರೀಕು, ಮಳೆ. ಮೊದಲನೆಯದರಲ್ಲಿ ಒಂದು ಇಂಚು ಹತ್ತು ಸೆಂಟು. ಆಮೇಲೆ ನಿಲ್ (ಮಳೆ ಇಲ್ಲ), ನಿಲ್, ಹದಿನೈದು ಸೆಂಟು, ನಿಲ್.

"ಅಳೆದಿದ್ದೀರಲ್ಲ! ಮತ್ತೆ ಫೋನಲ್ಲಿ ಗೊತ್ತಿಲ್ಲ ಅಂದ್ರಿ?"

"ತಲೆಯೇ ಸರಿ ಇಲ್ಲ ಅಂದ್ಮೇಲೆ ನನ್ನ ಲೆಕ್ಕವನ್ನ ಬೇರೆಯವರಿಗೆ ಹೇಗೆ ಹೇಳೋದು?"

ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ, ತಪ್ಪು ನನ್ನದು ಎಂದೂ ಹೇಳಿದೆ. ಮಾವ ಚೀಟಿಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಾ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಬದಲಿಗೆ ಪಾಲಿಬೆಟ್ಟದ ಮಾತು ತೆಗೆದರು.

"ಕೊಡಗು ಮೈಸೂರಿಗೆ ಸೇರಿ ಸ್ವಲ್ಪ ವರ್ಷ ಆಗಿತ್ತಷ್ಟೆ. ಇನ್ನು ಮಳೆಯನ್ನ ಮಿಲಿಮೀಟರಲ್ಲೇ ಬರೀಬೇಕು ಅಂತ ಆರ್ಡರ್ ಬಂತು. ನಮ್ಮ ಹೆಡ್ ರೈಟರ್ ಇಂಚಿನ ಕಾಲಂಗೆ ಗೀಟು ಹಾಕಿಬಿಟ್ರು. ನಾನು ಬಿಡ್ಲಿಲ್ಲ. ಪಕ್ಕದಲ್ಲೇ ಪೆನ್ಸಿಲಲ್ಲಿ ಇಂಚೂ ಬರ್ಕೊಂಡು ಬಂದೆ. ಅವರು ನೋಡಿದ್ರು, ಸುಮ್ಮನಿದ್ರು. ಅವರು ಕೂಲಿಯವರ ಲೈನ್ಸ್ ಕಡೆಗೆ ಹೋದ್ರೆ ಹಣ್ಣು ಕೊಯ್ಯೋ ಪಿಕ್ಕಿಂಗಿನವರು ಕೇಳ್ತಿದ್ದದ್ದು ಎಷ್ಟು ಸೆಂಟು ಅಂತಲೇ. ಹೆಡ್ ರೈಟರೂ ನನ್ನ ಪೆನ್ಸಿಲ್ ನೋಡಿಯೇ ಹೇಳ್ತಿದ್ರು."

ಹೇಳಿ ನಕ್ಕರು. ಐದು ದಿನದಲ್ಲಿ ಅದೇ ಮೊದಲ ನಗು. ಪಕ್ಕದ ತೋಟದವರಿಗೆ ತಾವೇ ಫೋನ್ ಮಾಡಿ, "ಒಂದು ಇಂಚು ಹತ್ತು ಸೆಂಟು. ಪಕ್ಕಾ" ಎಂದರು. ಹಾಗಾದರೆ ಡಾಕ್ಟರು? "ಎಂತಕ್ಕೆ? ನಿನಗೆ ಬೇಕಾದ್ರೆ ಹೋಗಿ ಬಾ!"

ಅಪ್‌ಡೇಟ್‌ಗೆ ಮುಂಚೆ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಡಬೇಕು, ಪ್ರಶ್ನೆ ಬಂದರೆ ನಿಂತು ಓದಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಬದಿಗೆ ಅಂಟಿಸಿದೆ. ದೊಡ್ಡ ಕೆಲಸ ಮುಗಿಸಿದವಳಂತೆ ಏಳುತ್ತಿದ್ದೆ.

ಮಾವ ಹಾಳೆಯನ್ನು ಓದಿದರು. ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಬದಲು ಮಾಡುವ ಮುಂಚೆ ಅದು ನಿನ್ನನ್ನ ಕೇಳ್ತು ಅಂದ್ಯಲ್ಲ. ನೀನು ನನ್ನನ್ನ ಕೇಳಿದ್ಯಾ?"