ಗುಳಿಗೆಯ ಸಿಟ್ಟು, ಪಕ್ಕೀರಪ್ಪನ ಸಿಟ್ಟು

ಸಿಟ್ಟು ಬಂದಿತ್ತೇ ಎಂದು ಕೇಳುವ ಫಾರಂ ಕೂಡ ಇರುತ್ತದೆಂದು ಐವತ್ತಾರು ವರ್ಷ ತುಂಬುವವರೆಗೂ ಪಕ್ಕೀರಪ್ಪನಿಗೆ ಗೊತ್ತಿರಲಿಲ್ಲ. ಜಾತಿ ಕೇಳುವ ಫಾರಂ ನೋಡಿದ್ದ, ಆದಾಯ ಕೇಳುವ ಫಾರಂ ನೋಡಿದ್ದ, ತಂದೆಯ ಹೆಸರು ಕೇಳದ ಫಾರಂ ಒಂದನ್ನೂ ನೋಡಿರಲಿಲ್ಲ. ಕೂಡ್ಲಿಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಜವಾನನಾಗಿದ್ದವನ ಕೈ ದಾಟದ ಫಾರಂ ಇದ್ದೀತೇ? ಆದರೆ 'ಕಳೆದ ಏಳು ದಿನಗಳಲ್ಲಿ ನಿಮಗೆ ಸಿಟ್ಟು ಬಂದಿತ್ತೇ, ಬಂದಿದ್ದರೆ ಎಷ್ಟು' ಎಂದು ಸರ್ಕಾರ ಅವನನ್ನು ಯಾವತ್ತೂ ಕೇಳಿರಲಿಲ್ಲ. ಕೇಳಿದ್ದು ಬೆಂಗಳೂರಿನ ಆಸ್ಪತ್ರೆ.

ಪಕ್ಕೀರಪ್ಪನ ಊರು ಕಾನಹೊಸಹಳ್ಳಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕೂಡ್ಲಿಗಿಗೆ ಹೋಗುವುದು, ಕಚೇರಿಯ ಬೀಗ ತೆಗೆಯುವುದು, ಮೇಜು ಒರೆಸಿ ಟಪಾಲು ಹಂಚುವುದು, ಹನ್ನೊಂದಕ್ಕೆ ಎದುರಿನ ಹೋಟೆಲಿನಿಂದ ಚಹಾ ತಂದು ಎಲ್ಲರಿಗೂ ಬಗ್ಗಿಸಿಕೊಡುವುದು ಅವನ ಕೆಲಸ. ಬೀಡಿ ಸೇದಿದವನಲ್ಲ, ಎಲೆ ಅಡಿಕೆಯೂ ಮದುವೆ ಮನೆಯಲ್ಲಿ ಮಾತ್ರ. ಅಂಥವನಿಗೆ ಹೋದ ವರ್ಷ ಹತ್ತಿದ ಕೆಮ್ಮು ಬಿಡಲೇ ಇಲ್ಲ. "ಲೇ ಪಕ್ಯಾ, ಇದು ಬರೇ ಕೆಮ್ಮಲ್ಲಲೇ. ಮೊದ್ಲು ಎಕ್ಸ್‌ರೇ ತೆಗಿಸು, ಆಮ್ಯಾಲೆ ಕಚೇರಿಗೆ ಬಾ" ಎಂದು ಗದರಿಸಿ, ರಜೆಯ ಅರ್ಜಿಯನ್ನು ತಾನೇ ಬರೆದು ಸಹಿ ಮಾಡಿಸಿಕೊಂಡವನು ಹೆಡ್ ಕ್ಲರ್ಕ್ ಜಂಬಣ್ಣ. ಆ ಗದರಿಕೆ ಇರದಿದ್ದರೆ ಪಕ್ಕೀರಪ್ಪ ಇಷ್ಟೊತ್ತಿಗೆ ಗೋಡೆಯ ಮೇಲೆ ಫೋಟೋ ಆಗಿರುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವನ ತಲೆ ಕೆಟ್ಟು ಮೊಸರಾದದ್ದು ಇದೇ ಜಂಬಣ್ಣನ ದೆಸೆಯಿಂದ.

ಎಕ್ಸ್‌ರೇ ಬಳ್ಳಾರಿಗೆ ಕಳಿಸಿತು, ಬಳ್ಳಾರಿ ಬೆಂಗಳೂರಿಗೆ ಕಳಿಸಿತು. ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಅಫ್ರೀನ್ ಎಂಬ ಹುಡುಗಿ, ಹರಪನಹಳ್ಳಿಯವಳು, ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಹೇಳಿದಳು. ಗಡ್ಡೆಯಲ್ಲಿ ಒಂದು ಜೀನು ಕೆಟ್ಟಿದೆ, ಅದೊಂದನ್ನೇ ಗುರಿ ಹಿಡಿದು ಹೊಡೆಯುವ ಗುಳಿಗೆ ಬಂದಿದೆ, ಆದರೆ ಇನ್ನೂ ಅಂಗಡಿಗೆ ಬಂದಿಲ್ಲ, ಪರೀಕ್ಷೆಯಲ್ಲಿದೆ.

"ಪರೀಕ್ಷೆ ಅಂದ್ರ ನಮ್ಮ ಮ್ಯಾಲನಾ?" ಎಂದು ಕೇಳಿದಳು ಸುಂಕಮ್ಮ, ಪಕ್ಕೀರಪ್ಪನ ಹೆಂಡತಿ.

"ಹೌದಮ್ಮ, ನಿಮ್ಮ ಮೇಲೇ. ಮುಚ್ಚಿಟ್ಟು ಹೇಳಲ್ಲ ನಾನು. ಒಪ್ಪಿಗೆ ಇದ್ರೆ ಮಾತ್ರ ಸಹಿ ಹಾಕ್ರಿ. ಬ್ಯಾಡ ಅನ್ಸಿದ ದಿನ ಬಿಡಬೌದು" ಎಂದಳು ಅಫ್ರೀನ್. ಗುಳಿಗೆಯಿಂದ ಕಾಲು ಬಾತುಕೊಳ್ಳಬಹುದು, ಬೆರಳು ಜೋಮು ಹಿಡಿಯಬಹುದು, ಮರೆವು ಬರಬಹುದು, ಮನಸ್ಸು ಏರುಪೇರಾಗಬಹುದು ಎಂದೂ ಓದಿ ಹೇಳಿದಳು. ಕೊನೆಗೆ ಒಂದು ಡೈರಿ ಕೊಟ್ಟಳು. ಅದರಲ್ಲಿ ದಿನಕ್ಕೊಂದು ಪುಟ: ಗುಳಿಗೆ ನುಂಗಿದ ಹೊತ್ತು, ಏನು ತೊಂದರೆಯಾಯಿತು, ಅದು ಗುಳಿಗೆಗೆ ಸಂಬಂಧಿಸಿದ್ದೋ ಅಲ್ಲವೋ. "ನಿಮಗೆ ಅನ್ಸಿದ್ದು ಬರೀರಿ. ಕಡೀಕೆ ಡಾಕ್ಟ್ರು ನೋಡ್ತಾರೆ."

ಗುಳಿಗೆ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆರು ವಾರಕ್ಕೆ ಕೆಮ್ಮು ನಿಂತಿತು, ಮೂರು ತಿಂಗಳಿಗೆ ಗಡ್ಡೆ ಅರ್ಧಕ್ಕಿಳಿಯಿತು. ಪಕ್ಕೀರಪ್ಪ ಮತ್ತೆ ಬಸ್ಸು ಹತ್ತಿ ಕೆಲಸಕ್ಕೆ ಹೋದ. ಕಾಲು ಬಾತು ಚಪ್ಪಲಿಯ ಬಾರು ಬಿಗಿಯಾಯಿತು; ಬರೆದ. ಬೆರಳಿಗೆ ಜೋಮು ಹಿಡಿಯಿತು, ಅದನ್ನೂ ಬರೆದ. ಟಪಾಲು ಹಿಡಿದು ನಾಲ್ಕು ಹೆಜ್ಜೆ ಹೋಗಿ ಯಾವ ಕೋಣೆಗೆ ಹೊರಟಿದ್ದೆ ಎಂದು ನಿಂತುಬಿಡುವುದು ಶುರುವಾಯಿತು. ಅದನ್ನು ಬರೆಯಲಿಲ್ಲ. ಬರೆದರೆ ಗುಳಿಗೆ ನಿಲ್ಲಿಸಿಬಿಟ್ಟಾರು, ಗುಳಿಗೆ ನಿಂತರೆ ಜೀವವೇ ನಿಂತೀತು ಎಂಬ ಹೆದರಿಕೆ.

ಆಮೇಲೆ ಬಂತು ಸಿಟ್ಟು. ಅದು ಮೊದಲು ಬಂದದ್ದು ಮನೆಗೆ, ಅದೂ ಉಪ್ಪಿಟ್ಟಿನ ಮೇಲೆ. ಉಪ್ಪು ಒಂದು ಹರಳು ಹೆಚ್ಚಾಗಿತ್ತು, ಅಷ್ಟೇ. ಪಕ್ಕೀರಪ್ಪ ತಟ್ಟೆಯನ್ನು ತಳ್ಳಿದ ರಭಸಕ್ಕೆ ಅದು ಹೊಸ್ತಿಲು ದಾಟಿ ಅಂಗಳಕ್ಕೆ ಬಿತ್ತು. ಗಂಡ ಹೆಂಡತಿ ಇಬ್ಬರೂ ಅಂಗಳದ ತಟ್ಟೆಯನ್ನೇ ನೋಡುತ್ತ ಕೂತರು. ಸುಂಕಮ್ಮ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬಿಸಿಯೂಟ ಮಾಡುವವಳು, ತಟ್ಟೆಯ ಸದ್ದಿಗೆ ಬೆಚ್ಚುವವಳಲ್ಲ. ಆದರೆ ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಗಂಡನ ದನಿ ಏರಿದ್ದನ್ನೇ ಅವಳು ಕೇಳಿರಲಿಲ್ಲ.

"ಏನಾತ್ರಿ ನಿಮಗ?" ಎಂದಳು.

ಪಕ್ಕೀರಪ್ಪನಿಗೆ ಏನಾಯಿತೆಂದು ಗೊತ್ತಿದ್ದರೆ ತಾನೇ ಹೇಳುವುದು! ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಐದು ನಿಮಿಷಕ್ಕೆ ಅಳು ನಿಂತು, ಅಂಗಳದಲ್ಲಿ ಕೋಳಿಗಳು ಉಪ್ಪಿಟ್ಟಿಗೆ ಕಿತ್ತಾಡುವುದನ್ನು ನೋಡಿ ನಗು ಬಂತು. ಸುಂಕಮ್ಮನಿಗೆ ನಗು ಬರಲಿಲ್ಲ. ಆ ದಿನದ ಪುಟದಲ್ಲಿ ಪಕ್ಕೀರಪ್ಪ ದುಂಡಗೆ ಬರೆದ: 'ಏನೂ ಇಲ್ಲ.'

ಎರಡನೆಯ ಸಲ ಸಿಟ್ಟು ಬಂದದ್ದು ಕಚೇರಿಯಲ್ಲಿ. ಅದಕ್ಕೆ ಮೊದಲು ಲೋಟಗಳ ವಿಷಯ ಹೇಳಬೇಕು. ಕಚೇರಿಯ ಹಲಗೆಯ ಮೇಲೆ ಏಳು ಸ್ಟೀಲ್ ಲೋಟ ಇರುತ್ತವೆ, ಅದರಲ್ಲೊಂದಕ್ಕೆ 'ಜಂ' ಎಂದು ಕೊರೆಸಿದೆ. ಎಂಟನೆಯದು ಪಕ್ಕೀರಪ್ಪನದು, ಅದು ಕಿಟಕಿಯಲ್ಲಿರುತ್ತದೆ. ಮದುವೆಯಲ್ಲಿ ಮುಯ್ಯಿ ಬಂದ ಲೋಟ, 'ಪಕ್ಕೀರಪ್ಪ-ಸುಂಕಮ್ಮ' ಎಂದು ಹೆಸರು ಕೊರೆಸಿದ್ದು. ಅದನ್ನು ಕಿಟಕಿಯಲ್ಲಿಡು ಎಂದು ಯಾರೂ ಹೇಳಿದವರಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವನೇ ಹಲಗೆಯನ್ನೊಮ್ಮೆ ನೋಡಿ, ಕುರ್ಚಿಯಲ್ಲಿ ಕೂತವರನ್ನೊಮ್ಮೆ ನೋಡಿ, ತನ್ನ ಲೋಟವನ್ನು ಕಿಟಕಿಯಲ್ಲಿಟ್ಟ. ಯಾರೂ ಬೇಡ ಎನ್ನಲಿಲ್ಲ. ಆಮೇಲೆ ಎಷ್ಟು ಸಾಹೇಬರು ಬಂದರು, ಎಷ್ಟು ಮಂದಿ ಹೋದರು, ಕಂಪ್ಯೂಟರ್ ಬಂತು, ಕಿಟಕಿಗೆ ಹೊಸ ಬಣ್ಣವೂ ಬಂತು. ಬಣ್ಣ ಬಳಿಯುವವನು ಲೋಟವನ್ನು ಎತ್ತಿ, ಒಣಗಿದ ಮೇಲೆ ಅಲ್ಲೇ ಇಟ್ಟು ಹೋದ.

ಆ ಮಂಗಳವಾರ ಹನ್ನೊಂದಕ್ಕೆ ಪಕ್ಕೀರಪ್ಪ ಎಲ್ಲರಿಗೂ ಚಹಾ ಬಗ್ಗಿಸಿದ. ಜಂಬಣ್ಣ ಫೋನಿನಲ್ಲಿದ್ದ. 'ಜಂ' ಲೋಟ ತುಂಬಿ ಹಬೆಯಾಡುತ್ತಿತ್ತು. ಪಕ್ಕೀರಪ್ಪ ಅದನ್ನು ಎತ್ತಿಕೊಂಡು, ಕೋಣೆಯ ನಡುವೆ ನಿಂತು, ಸೊರ್ ಎಂದು ಕುಡಿಯತೊಡಗಿದ. ಕಂಪ್ಯೂಟರಿನ ಕನಕರಾಜ ಒಮ್ಮೆ ನೋಡಿ, ಮತ್ತೆ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ.

"ಪಕ್ಯಾ, ಅದು ನನ್ನ ಲೋಟ ಅಲ್ಲೇನಲೇ?" ಎಂದ ಜಂಬಣ್ಣ.

"ಹೌದ್ರಿ ಸಾಹೇಬ್ರ. ಇಪ್ಪತ್ತಾರು ವರ್ಷದಿಂದ ನಾನಾ ತೊಳದಿಡಾಕ್ಹತ್ತೀನಿ, ನನಗ ಗೊತ್ತಿಲ್ಲೇನ್ರಿ? ಕುಡುದ್ರ ಏನಾತು?"

ಮಾತು ಕೋಣೆಯ ಹೊರಗಿನ ಬೇವಿನ ಮರದವರೆಗೆ ಕೇಳಿಸಿತು. ಜಂಬಣ್ಣ ಫೋನು ಕೆಳಗಿಟ್ಟ. ಆಮೇಲೆ ಅವನ ಮುಖ ಸಡಿಲವಾಯಿತು. "ಪಾಪ, ಗುಳಿಗಿ ತ್ರಾಸು. ಮರ್ತಾನ" ಎಂದ. ಎಲ್ಲರೂ ಹೌದು ಹೌದು, ಪಾಪ, ಮರೆತಿದ್ದಾನೆ ಎಂದರು. ಆ ಮಾತು ಸಿಕ್ಕಿದ್ದೇ ತಡ, ಕಚೇರಿಗೆ ಕಚೇರಿಯೇ ಉಸಿರು ಬಿಟ್ಟಿತು. ಮಾರನೆಯ ದಿನದಿಂದ ಜಂಬಣ್ಣ ಮನೆಯಿಂದ ಫ್ಲಾಸ್ಕು ತರತೊಡಗಿದ. "ಶುಗರ್ ಐತಲೇ, ಮನಿ ಚಾ ಕುಡಿ ಅಂದಾರ ಡಾಕ್ಟ್ರು." 'ಜಂ' ಲೋಟ ಹಲಗೆಯ ಮೇಲೆ ಬೋರಲು ಬಿತ್ತು.

ಪಕ್ಕೀರಪ್ಪನ ಗೊಂದಲ ಶುರುವಾದದ್ದು ಇಲ್ಲಿಂದ. ಜಂಬಣ್ಣನಿಗೆ ಶುಗರ್ ಇರುವುದು ನಿಜ. ಜೀವ ಉಳಿಸಿದ್ದೂ ನಿಜ. ಹಾಗಾದರೆ ಫ್ಲಾಸ್ಕು ತಂದದ್ದು ಶುಗರಿಗೋ, ತನಗೋ? ಅದು ಹೋಗಲಿ, ತಾನು ಮಾಡಿದ್ದೇನು? ಮರೆತು ಎತ್ತಿದೆನೋ, ಬೇಕೆಂದೇ ಎತ್ತಿದೆನೋ? ಗೊತ್ತಿದ್ದೇ ಎಂದು ಬಾಯಿ ಹೇಳಿತ್ತು. ಆದರೆ ಆ ಬಾಯಿ ತನ್ನದೋ, ಗುಳಿಗೆಯದೋ? ಕೈ ಎತ್ತುವಾಗ ಮನಸ್ಸಿನಲ್ಲಿ ಏನಿತ್ತೆಂದು ಎಷ್ಟು ನೆನೆದರೂ ಬರಿ ಚಹಾದ ಹಬೆ ನೆನಪಾಗುತ್ತಿತ್ತು. ಹೆದರಿಕೆ ಇತ್ತೇ? ಒಂದು ಚೂರೂ ಇರಲಿಲ್ಲ. ಅದೇ ಅವನಿಗೆ ಅನುಮಾನ. ಹೆದರಿಕೆ ಇಲ್ಲದ ಪಕ್ಕೀರಪ್ಪನನ್ನು ಅವನೇ ಎಂದೂ ಕಂಡಿರಲಿಲ್ಲ.

ಮಗ ಕ್ರಾಂತಿಕುಮಾರ್ ಹಡಗಲಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಫೋನಿನಲ್ಲಿ ಸುದ್ದಿ ಕೇಳಿ ಕುಣಿದಾಡಿಬಿಟ್ಟ. "ಅಪ್ಪಾ, ಇದು ಸೈಡ್ ಎಫೆಕ್ಟ್ ಅಲ್ಲಪಾ! ಈಗ ನೀ ಸರಿ ಆಗೀದಿ."

ಸುಂಕಮ್ಮ ಫೋನು ಕಸಿದುಕೊಂಡಳು. "ಸರಿ ಆಗ್ಯಾನಂತ! ಉಪ್ಪಿಟ್ಟಿನ ತಾಟು ನಿನ್ನ ಮಾರಿಗೆ ಬಿದ್ದಿದ್ರ ಗೊತ್ತಾಗ್ತಿತ್ತು. ನನಗ ಲೋಟ ಬ್ಯಾಡ, ಏನೂ ಬ್ಯಾಡ. ನನ್ನ ಗಂಡ ಬೇಕು, ಮೊದಲಿನಂಗ."

ಇಬ್ಬರ ಮಾತೂ ಸರಿಯೆನ್ನಿಸಿ ಪಕ್ಕೀರಪ್ಪ ಇನ್ನಷ್ಟು ಕಂಗಾಲಾದ. ಸಿಟ್ಟು ತನ್ನದೇ ಎಂದುಕೊಂಡರೆ ಹೆಂಡತಿಯ ಮುಂದೆ ತಟ್ಟೆ ತಳ್ಳಿದವನೂ ತಾನೇ ಆದಂತಾಯಿತು. ಗುಳಿಗೆಯದು ಎಂದುಕೊಂಡರೆ ಇಪ್ಪತ್ತಾರು ವರ್ಷಕ್ಕೊಮ್ಮೆ ಆಡಿದ ಆ ಒಂದು ಮಾತೂ ಗುಳಿಗೆಯ ಪಾಲಾಯಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹೇಗೆ? ಡೈರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆಸ್ಪತ್ರೆಯ ದಿನ ಅಫ್ರೀನ್ ಫಾರಂ ಓದಿದಳು. "ಪಕ್ಕೀರಪ್ಪನೋರೇ, ಮರೆವು ಏನಾದ್ರೂ?"

"ಇಲ್ರಿ."

"ಸಿಟ್ಟು?"

ಪಕ್ಕೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಸುಂಕಮ್ಮ ಒಂದೇ ಉಸಿರಿಗೆ ತಟ್ಟೆ, ಅಳು, ನಗು, ಟಪಾಲು, ಲೋಟ ಎಲ್ಲವನ್ನೂ ಸುರಿದುಬಿಟ್ಟಳು. ಅಫ್ರೀನ್ ಒಂದೊಂದೇ ಬರೆದುಕೊಂಡಳು. ಲೋಟದ ಸಂಗತಿ ಬಂದಾಗ ಅವಳ ಪೆನ್ನು ನಿಂತಿತು. ಒಂದು ಸಲ ತಲೆಯೆತ್ತಿ ಪಕ್ಕೀರಪ್ಪನನ್ನು ನೋಡಿದಳು.

"ಇದನ್ನ ಎಲ್ಲಿ ಬರೀಲಿ, ನನಗೂ ಗೊತ್ತಾಗವಲ್ದು" ಎಂದಳು ಮೆಲ್ಲಗೆ. "ಗುಳಿಗೆಗೆ ಸಂಬಂಧ ಐತಾ ಇಲ್ವಾ ನೀವೇ ಹೇಳ್ರಿ."

"ನನಗ ಗೊತ್ತಿಲ್ಲಮ್ಮಾ. ಖರೇನ ಗೊತ್ತಿಲ್ಲ" ಎಂದ ಪಕ್ಕೀರಪ್ಪ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಫ್ರೀನ್ ಆ ಸಾಲನ್ನು ಖಾಲಿ ಬಿಟ್ಟಳು.

ಡಾಕ್ಟರು ಎರಡು ವಾರ ಗುಳಿಗೆ ನಿಲ್ಲಿಸಿದರು, ಆಮೇಲೆ ಪ್ರಮಾಣ ಇಳಿಸಿ ಕೊಟ್ಟರು. ಕಡಿಮೆ ಪ್ರಮಾಣದಲ್ಲೂ ಬಹಳ ಜನಕ್ಕೆ ಗಡ್ಡೆ ಹಿಡಿತದಲ್ಲಿರುತ್ತದೆ, ಮುಂದಿನ ಸ್ಕ್ಯಾನಿನಲ್ಲಿ ನೋಡೋಣ ಎಂದರು. ಗುಳಿಗೆ ಇಲ್ಲದ ಆ ಎರಡು ವಾರ ಪಕ್ಕೀರಪ್ಪ ದಿನಾ ಬೆಳಿಗ್ಗೆ ಬೇಕೆಂದೇ ಕೆಮ್ಮಿ ನೋಡಿಕೊಳ್ಳುತ್ತಿದ್ದ. ಕೆಮ್ಮು ಮರಳಲಿಲ್ಲ. ಸಿಟ್ಟು ಇಳಿಯಿತು, ಮರೆವು ಹೋಯಿತು, ಉಪ್ಪಿಟ್ಟಿನಲ್ಲಿ ಉಪ್ಪೇ ಇಲ್ಲದ ದಿನವೂ ಸುಮ್ಮನೆ ಉಂಡೆದ್ದ. ಸುಂಕಮ್ಮನ ಮುಖದಲ್ಲಿ ನಗು ಬಂತು. ಜೊತೆಗೇ ಹಳೆಯ ಹೆದರಿಕೆಯೂ ವಾಪಸು ಬಂತು. ಅದನ್ನು ಸುಂಕಮ್ಮನಿಗೆ ಹೇಳಲಿಲ್ಲ.

ಕಡಿಮೆ ಪ್ರಮಾಣದ ಗುಳಿಗೆ ಶುರುವಾಗಿ ಹತ್ತು ದಿನಕ್ಕೆ ರಜೆ ಮುಗಿಸಿ ಕಚೇರಿಗೆ ಹೋದ. ಹನ್ನೊಂದಕ್ಕೆ ಚಹಾ ತಂದ. ಕಿಟಕಿಯಲ್ಲಿ ಅವನ ಲೋಟ ಧೂಳು ಹಿಡಿದು ಕೂತಿತ್ತು. 'ಜಂ' ಲೋಟ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು.

"ಈಗ ಆರಾಮ ಅದೀಯಲ್ಲ?" ಎಂದ ಜಂಬಣ್ಣ, ಪ್ರೀತಿಯಿಂದಲೇ. "ಮೊದಲಿನಂಗ ಆಗೀದಿ ನೋಡು. ಇವತ್ತು ಫ್ಲಾಸ್ಕು ತಂದಿಲ್ಲಲೇ, ನೀ ಹಾಕಿದ್ದಾ ಕುಡೀತೀನಿ."

ಪಕ್ಕೀರಪ್ಪ ಏಳು ಲೋಟ ಇಳಿಸಿಕೊಂಡ. ಆಮೇಲೆ ಕಿಟಕಿಗೆ ಹೋಗಿ ತನ್ನದನ್ನು ತೆಗೆದುಕೊಂಡು, ತೊಳೆದು ತಂದು, ಏಳರ ಜೊತೆ ಎಂಟನೆಯದಾಗಿ ಮೇಜಿನ ಮೇಲಿಟ್ಟ. ಕೈಕಾಲು ನಡುಗುತ್ತಿದ್ದವು. ಬೇಡ, ಇನ್ನೂ ಹೊತ್ತು ಮೀರಿಲ್ಲ, ನಿನ್ನದನ್ನು ಎತ್ತಿಕೋ ಎಂದು ಒಳಗೊಬ್ಬ ಗೋಗರೆಯುತ್ತಿದ್ದ. ಅವನು ಪಕ್ಕೀರಪ್ಪನಿಗೆ ಚೆನ್ನಾಗಿ ಗೊತ್ತಿದ್ದವನು. ಎಂಟೂ ಲೋಟಕ್ಕೆ ಬಗ್ಗಿಸಿದ. ಮೇಜಿನ ಮೇಲೆ ಸ್ವಲ್ಪ ಚೆಲ್ಲಿತು.

"ಸಾಹೇಬ್ರ" ಎಂದ. ದನಿ ಬೇವಿನ ಮರದವರೆಗೆ ಹೋಗಲಿಲ್ಲ, ಕನಕರಾಜನ ಮೇಜಿನವರೆಗೆ ಹೋಗಿದ್ದರೆ ಹೆಚ್ಚು. "ನನ್ನ ಜೀವ ಉಳಿಸೀರಿ, ಅದನ್ನ ಮರ್ತಿಲ್ರಿ. ಅವತ್ತು ಲೋಟಾನೂ ನಾ ಮರ್ತಿದ್ದಿಲ್ರಿ."

ಜಂಬಣ್ಣ ತನ್ನ ಲೋಟವನ್ನು ನೋಡಿದ, ಅದರ ಪಕ್ಕದ್ದನ್ನು ನೋಡಿದ. ಕೊನೆಗೆ ತನ್ನದನ್ನು ಎತ್ತಿಕೊಂಡು ಕುಡಿದ. ಸಿಟ್ಟಿನಿಂದ ಕುಡಿದನೋ, ನಾಚಿಕೆಯಿಂದ ಕುಡಿದನೋ, ಚಹಾ ಆರಿಹೋಗುತ್ತದೆಂದು ಕುಡಿದನೋ ಪಕ್ಕೀರಪ್ಪನಿಗೆ ತಿಳಿಯಲಿಲ್ಲ. ಸಂಜೆ ಎಂಟು ಲೋಟವನ್ನೂ ತೊಳೆದು ಹಲಗೆಯ ಮೇಲೆ ಬೋರಲು ಹಾಕಿ ಬೀಗ ಹಾಕಿದ. ನಾಳೆ ಬಂದಾಗ ಅದು ಅಲ್ಲಿರುತ್ತದೋ, ಮತ್ತೆ ಕಿಟಕಿಯಲ್ಲಿರುತ್ತದೋ, ಅದೂ ತಿಳಿಯದು.

ಮನೆಗೆ ಬಂದು, ಕೈಕಾಲು ತೊಳೆದು, ಡೈರಿ ತೆಗೆದ. ಮರೆವು: ಇಲ್ಲ. ಸಿಟ್ಟು: ಇಲ್ಲ. ಬೇರೆ ಏನಾದರೂ ತೊಂದರೆ ಎಂಬಲ್ಲಿ ಪೆನ್ನು ನಿಂತಿತು. ಸುಂಕಮ್ಮ ರೊಟ್ಟಿ ಬಡಿಯುತ್ತ, "ಈ ಸಲ ಖರೇನ ಬರೀರಿ" ಎಂದಳು. ಪಕ್ಕೀರಪ್ಪ ಇಪ್ಪತ್ತಾರು ವರ್ಷ ಟಪಾಲು ಪುಸ್ತಕ ಬರೆದ ದುಂಡು ಅಕ್ಷರದಲ್ಲಿ ಬರೆದ: 'ಹನ್ನೊಂದು ಗಂಟೆಗೆ ಕೈಕಾಲು ನಡುಗಿದವು. ಗುಳಿಗೆಗೆ ಸಂಬಂಧಿಸಿದ್ದಲ್ಲ.'